ಹಾಕುವ ಮೊದಲೇ ಬಂದ ಭಂಡಾರ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಮಾಳವ್ವ ಕೆರೆಯ ಏರಿ ಹತ್ತಿ ಬಂದಳು. ಸಮಯ ಇಷ್ಟು ಸರಿಯಾಗಿ ನೆನಪಿರಲು ಕಾರಣವಿದೆ. ಆಗ ನಾನು ಗಡಿಯಾರವನ್ನೇ ನೋಡುತ್ತ ಕುಳಿತಿದ್ದೆ. ಮಣ್ಣಿನಲ್ಲಿ ನಿಲ್ಲಿಸಿದ ಕೊಳವೆಯ ನೀರು ಎಷ್ಟು ಹೊತ್ತಿಗೆ ಎಷ್ಟು ಇಳಿಯುತ್ತದೆ ಎಂದು ನೋಡುವುದೇ ನನ್ನ ಉದ್ಯೋಗ.

ಇಂಥ ಅನುಭವಗಳನ್ನು ಬೇರೆಯವರು ಬರೆದಾಗ ನಕ್ಕು ಪುಟ ತಿರುವಿದವನು ನಾನು. ಕುಳಗೇರಿ ಕ್ರಾಸಿನಲ್ಲಿ ಅಂಗಡಿ ಇಟ್ಟಿರುವ ನನ್ನ ಸೋದರಮಾವ ತಾನು ಕಂಡದ್ದು ಕೇಳಿದ್ದು ಎಂದು ಏನಾದರೂ ಶುರು ಮಾಡಿದರೆ, "ಮಾಮಾ, ಅವತ್ತ ಏನ್ ಕುಡ್ದಿದ್ದಿ?" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನನ್ನನ್ನು ನಂಬಿ ಎಂದು ಯಾವ ಮುಖದಿಂದ ಕೇಳಲಿ? ಕೇಳುವುದಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಹೇಳುತ್ತೇನೆ. ನನ್ನನ್ನು ಕಾಡುವುದು ಆ ಕ್ರಮವೇ.

ನಾನು ಬಾದಾಮಿಯವನು. ಮಳೆ ನಿಂತು ಎಷ್ಟೋ ದಿನವಾದ ಮೇಲೂ ಕೆಂಪು ಬಂಡೆಯ ಗೆರೆಗಳಿಂದ ನೀರು ಒಸರುವುದನ್ನು ನೋಡುತ್ತ ಬೆಳೆದೆ. ಸಿವಿಲ್ ಇಂಜಿನಿಯರಿಂಗ್ ಓದಿ, ಬಾಗಲಕೋಟೆಯ ನವನಗರದಲ್ಲಿ ಮಣ್ಣು ಪರೀಕ್ಷೆ ಮಾಡುವ ಒಂದು ಸಣ್ಣ ಖಾಸಗಿ ಲ್ಯಾಬಿಗೆ ಸೇರಿದೆ. ಕೆರೆಯ ಏರಿ, ಕೃಷಿಹೊಂಡದ ತಳ, ಹೊಂಡಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆ, ಇವುಗಳೊಳಗಿಂದ ನೀರು ಎಷ್ಟು ದಾಟುತ್ತದೆ ಎಂದು ಅಳೆಯುತ್ತೇವೆ. ಈ ಕೆಲಸ ನನಗೆ ಕಲಿಸಿದ್ದು ಒಂದೇ ಮಾತು: ನೀರು ದಾಟದ ವಸ್ತುವೇ ಇಲ್ಲ. ಕಲ್ಲು ದಾಟುತ್ತದೆ, ಸಿಮೆಂಟು ದಾಟುತ್ತದೆ, ತೆಳ್ಳನೆಯ ಪ್ಲಾಸ್ಟಿಕ್ಕನ್ನೂ ಆವಿಯಾಗಿ ದಾಟುತ್ತದೆ. ಎಷ್ಟು ಹೊತ್ತು ಬೇಕು ಎನ್ನುವುದಷ್ಟೇ ಪ್ರಶ್ನೆ. ಒಳ್ಳೆಯ ಎರೆಮಣ್ಣನ್ನು ಹದವಾಗಿ ನೀರು ಹಾಕಿ ಬಡಿದು ದಮ್ಮಸು ಮಾಡಿದರೆ, ಅದರೊಳಗಿಂದ ಒಂದು ಗೇಣು ಸಾಗಲು ನೀರಿಗೆ ವರ್ಷಗಳೇ ಬೇಕು. ಜಗತ್ತಿನಲ್ಲಿ ಎಲ್ಲವೂ ಇಂಥ ಲೆಕ್ಕಕ್ಕೆ ಸಿಗುತ್ತದೆ ಎಂದುಕೊಂಡಿದ್ದೆ.

ಹುನಗುಂದದಿಂದ ಇಳಕಲ್ಲಿಗೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗೆ ಹೋದರೆ ಆ ಕೆರೆ. ಹಿಂದಿನ ಬೇಸಿಗೆಯಲ್ಲಿ ಅದರ ಹಳೆಯ ಏರಿಯನ್ನು ಎತ್ತರಿಸಿ, ನಡುವೆ ಎರೆಮಣ್ಣಿನ ಗೋಡೆ ಕೂಡಿಸಿದ್ದರು. ಮಳೆ ಚೆನ್ನಾಗಿ ಆಗಿ ಕೆರೆ ಅಂಚಿನವರೆಗೆ ತುಂಬಿತ್ತು. ಆ ಮಣ್ಣು ನೀರು ತಡೆಯುತ್ತದೆಯೋ ಇಲ್ಲವೋ ನೋಡಿ ಎಂದು ನಮ್ಮ ಲ್ಯಾಬಿಗೆ ಕರೆ ಬಂತು. ನನ್ನ ಜೊತೆ ಬಂದವನು ಮೆಹಬೂಬ್. ಕಲಾದಗಿಯವನು, ನನ್ನದೇ ವಯಸ್ಸು, ಮಣ್ಣು ಕೊರೆಯುವ ಯಂತ್ರ ಅವನ ಕೈಯಲ್ಲಿ.

ಏರಿಯ ಕೆಳಗೆ, ಬುಡಕ್ಕೆ ತೀರ ಹತ್ತಿರ, ಒಂದು ತಗಡಿನ ಮನೆ ಇತ್ತು. ಪಕ್ಕದಲ್ಲಿ ಮುಳ್ಳಿನ ಬೇಲಿಯ ಕುರಿದಡ್ಡಿ. ಕುರಿಗಾರರ ದೇವರು ಬೀರಪ್ಪನ ಒಕ್ಕಲಿನ ಮನೆ ಅದು. ಮಾಳವ್ವನ ಗಂಡ ಕುರಿ ಹೊಡೆದುಕೊಂಡು ಮೇಯಿಸಲು ಹೋಗಿದ್ದ. ಮನೆಯಲ್ಲಿದ್ದದ್ದು ಮಾಳವ್ವ, ತೊಟ್ಟಿಲಲ್ಲಿ ಅವಳ ಕೂಸು, ಮತ್ತು ಮಾವ ಸಿದ್ದಪ್ಪಜ್ಜ.

ನಾವು ಕೊರೆಯಲು ನಿಂತಾಗಲೇ ಅಜ್ಜ ಮೇಲೆ ಬಂದ. ಸೊಂಟದಲ್ಲಿ ಭಂಡಾರದ ಚೀಲ ಇತ್ತು. ಭಂಡಾರ ಎಂದರೆ ಬೀರಪ್ಪನ ಹೆಸರಿನಲ್ಲಿ ಹಚ್ಚುವ, ತೂರುವ ಅರಿಶಿನದ ಪುಡಿ. ಅವರಲ್ಲಿ ಭೂಮಿಗೆ ಗುದ್ದಲಿ ಹಾಕುವ ಮೊದಲು ಭಂಡಾರ ಹಾಕಲೇಬೇಕು.

"ಭಂಡಾರ ಬೀಳದ ತೆಗ್ಗು ಬಾಯಿ ತಕ್ಕೊಂಡ ಇರ್ತೈತ್ರಿ ಸಾಹೇಬ್ರ. ಒಂದ್ ಚಿಟಿಕಿ ಹಾಕ್ತೇನಿ" ಎಂದ.

ನನಗೆ ಬೇರೆ ಚಿಂತೆ. ಪುಡಿ ಬಿದ್ದರೆ ಅದು ತೂತಿನ ಗೋಡೆಗೆ ಮೆತ್ತಿಕೊಂಡು ಸಂದುಗಳನ್ನು ಮುಚ್ಚುತ್ತದೆ. ಆಮೇಲೆ ಅಳತೆಗೆ ಅರ್ಥವೇ ಇರುವುದಿಲ್ಲ. ಪರೀಕ್ಷೆ ಮುಗಿಯಲಿ, ಆಮೇಲೆ ಎಷ್ಟು ಬೇಕಾದರೂ ಹಾಕಿ ಎಂದೆ.

ಮೆಹಬೂಬ್ ನಗುತ್ತ, "ಅಜ್ಜಾ, ನಿಮ್ಮ ಬೀರಪ್ಪಗ ಸ್ವಲ್ಪ ತಡೀ ಅಂತ ಹೇಳ. ನಮ್ಮ ಸಾಹೇಬ್ರ ನೀರು ಅವರ ಮಾತ ಕೇಳಿ ಇಳೀಬೇಕಲ್ಲ" ಎಂದ.

"ಲೇ ಮೆಹಬೂಬಾ, ನಿಮ್ಮ ಸಾಹೇಬ್ರ ನೀರು ಅವರ ಹೇಣ್ತಿ ಮಾತಾದ್ರೂ ಕೇಳ್ತೈತಿಲ್ಲೋ ಕೇಳ" ಎಂದು ಅಜ್ಜನೂ ನಕ್ಕ. ಚೀಲದ ಬಾಯಿ ಬಿಗಿದು ಒಂದು ಕಲ್ಲಿನ ಮೇಲೆ ಕುಳಿತ. ನಾನು ನೋಡಿದ್ದೇನೆ, ಚೀಲದ ಬಾಯಿ ಬಿಗಿದಿತ್ತು. ಇದನ್ನು ಮರೆಯಬೇಡಿ.

ಕೊಳವೆ ಇಳಿಸಿ, ನೀರು ತುಂಬಿ, ಗುರುತು ಹಾಕಿ ಕುಳಿತೆವು. ನೀರು ಕದಲಲಿಲ್ಲ. ಮಣ್ಣು ಭದ್ರವಾಗಿದೆ ಎಂದು ಖುಷಿಯಾಯಿತು. ಲ್ಯಾಬಿಗೆ ಫೋನ್ ಮಾಡಿ ಚಿಂತೆಯಿಲ್ಲ ಎಂದು ಹೇಳೋಣ ಅಂದುಕೊಳ್ಳುತ್ತಿದ್ದೆ. ಆಗ ಮಾಳವ್ವ ಏದುಸಿರು ಬಿಡುತ್ತ ಬಂದಳು.

"ಮಾವಾ, ಏನ್ ಒಂದ್ ಚೀಲ ಸುರುವಿಯೇನ ತೆಗ್ಗಿನ್ಯಾಗ? ಒಲಿ ಹಿಂದ ಹಳದಿ ನೀರ ಬರಾಕತ್ತೈತಿ. ಈಗರ ಸಾರಿಸೀನಿ ನಾ!"

"ಇನ್ನೂ ಹಾಕೇ ಇಲ್ಲವ್ವಾ. ಸಾಹೇಬ್ರು ತಡೀ ಅಂದಾರ."

ಅವಳು ಮಾವನ ಮುಖ ನೋಡಿದಳು. ನಮ್ಮ ಮುಖ ನೋಡಿದಳು. ಮನೆಯ ಅರಿಶಿನದ ಡಬ್ಬಿಯೇ ಚೆಲ್ಲಿರಬೇಕು ಎಂದು ಮೆಹಬೂಬ್ ಹೇಳಿದ್ದಕ್ಕೆ ಅವಳಿಗೆ ಸಿಟ್ಟು ಬಂತು. "ನಿನ್ನ ಕಣ್ಣೀಲೆ ನೋಡ್ ಬಾರೋ ಅಣ್ಣಾ" ಎಂದಳು. ಅವನನ್ನು ಕೊಳವೆಯ ಹತ್ತಿರ ಬಿಟ್ಟು ನಾನೇ ಇಳಿದು ಹೋದೆ.

ಒಳಗೆ ಕತ್ತಲೆಯಿತ್ತು. ತೊಟ್ಟಿಲಲ್ಲಿ ಕೂಸು ಮಲಗಿತ್ತು. ಏರಿಯ ಕಡೆಯ ಗೋಡೆಯ ಬುಡದಿಂದ, ಒಲೆಯ ಹಿಂದೆ, ನೀರು ಉಕ್ಕುತ್ತಿತ್ತು. ಬೆರಳು ಅದ್ದಿದೆ. ತಣ್ಣಗಿತ್ತು. ಬೆರಳಿಗೆ ಹಳದಿ ಹತ್ತಿತು, ಮೂಗಿಗೆ ಅರಿಶಿನದ ವಾಸನೆ ಬಂತು. ಅಭ್ಯಾಸಬಲದಿಂದ ಜೇಬಿನಲ್ಲಿದ್ದ ಸಣ್ಣ ಪ್ಲಾಸ್ಟಿಕ್ ಬಾಟಲಿಗೆ ಅದನ್ನು ತುಂಬಿಕೊಂಡೆ. ಶೆಲ್ಫಿನ ಮೇಲೆ ಅರಿಶಿನದ ಡಬ್ಬಿ ಮುಚ್ಚಳ ಹಾಕಿಕೊಂಡು ನೆಟ್ಟಗೆ ನಿಂತಿತ್ತು.

ತುಂಬಿದ ಕೆರೆಯ ಏರಿಯ ಬುಡದಲ್ಲಿ ನೀರು ಕಂಡರೆ ನಮ್ಮಂಥವರು ಹೆದರುವುದು ಸಹಜ. ಆದರೆ ಅಂಥ ನೀರು ಮಣ್ಣು ಹೊತ್ತು ಕಪ್ಪಾಗಿ ಬರಬೇಕು. ಇದರಲ್ಲಿ ಮಣ್ಣಿನ ಕಣವೂ ಇರಲಿಲ್ಲ. ಅರಿಶಿನ ನೀರಿನಲ್ಲಿ ಕರಗುವ ವಸ್ತುವಲ್ಲ, ಬರೀ ಪುಡಿ. ಎರೆಮಣ್ಣು ಅದನ್ನು ಮೊದಲ ಗೇಣಿನಲ್ಲೇ ಸೋಸಿಬಿಡುತ್ತದೆ. ಮೇಲೆ ಭಂಡಾರ ಹಾಕಿದ್ದರೂ ಅದು ಇಲ್ಲಿಗೆ ಬರಲಾರದು. ಮೇಲೆ ಹಾಕಿಯೂ ಇರಲಿಲ್ಲ.

ಹೊರಗೆ ಬಂದು ಕೂಗಿದೆ: "ಮೆಹಬೂಬ್, ನೀರು ಇಳಿದೈತೇನೋ?"

"ಕೂದಲೆಳಿಯಷ್ಟೂ ಇಳದಿಲ್ರಿ ಸರ!"

ಆ ಉತ್ತರ ಕೇಳಿ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಮಾಳವ್ವನಿಗೆ, ಕೂಸನ್ನು ಎತ್ತಿಕೊಂಡು ಸ್ವಲ್ಪ ಹೊತ್ತು ಮೇಲಿನ ದಿಬ್ಬಕ್ಕೆ ಹೋಗು ತಂಗಿ ಎಂದೆ. ಅವಳು ಒಪ್ಪಲಿಲ್ಲ.

"ಈಗರ ಮಲಗೈತ್ರಿ, ರಾತ್ರೆಲ್ಲಾ ಅತ್ತೈತಿ. ಹಳದಿ ನೀರು ಬಂದ್ರ ಮನಿ ಬಿಟ್ಟು ಓಡೂದೇನ? ಏರಿ ಗಟ್ಟಿ ಐತಿಲ್ಲೋ, ಅದನ್ನ ಹೇಳ್ರಿ."

ನನ್ನ ಅಳತೆಯ ಪ್ರಕಾರ ಏರಿ ಗಟ್ಟಿಯಾಗಿತ್ತು.

ಅಷ್ಟರಲ್ಲಿ ಮೇಲೆ ಸಿದ್ದಪ್ಪಜ್ಜ ಎದ್ದು ನಿಂತಿದ್ದ. ಹಳದಿ ನೀರಿನ ಸುದ್ದಿ ಕೇಳಿದ ಮೇಲೆ ಅವನು ನನ್ನ ಮಾತಿಗೆ ಕಾಯಲಿಲ್ಲ. ಚೀಲ ಬಿಚ್ಚಿ ಒಂದು ಹಿಡಿ ಭಂಡಾರವನ್ನು ಕೊಳವೆಯೊಳಗೆ ಬಿಟ್ಟ. "ಏ ಅಜ್ಜಾ!" ಎಂದು ಮೆಹಬೂಬ್ ಕೂಗಿದ್ದು ಕೇಳಿಸಿತು. ಅದರ ಬೆನ್ನಿಗೇ ಅವನ ದನಿ ಬದಲಾಯಿತು: "ಸರ! ಕೊಳವಿ ನೀರು ಗಟಕ್ಕನ ನುಂಗಿತ್ರಿ! ಖಾಲಿ ಆತು!"

ನಾನು ಒಳಗೆ ಓಡಿ ಒಲೆಯ ಹಿಂದೆ ನೋಡಿದೆ. ಉಕ್ಕುತ್ತಿದ್ದ ಹಳದಿ ನೀರು ನಿಂತುಬಿಟ್ಟಿತ್ತು. ಯಾರೋ ನಲ್ಲಿ ತಿರುವಿದ ಹಾಗೆ. ನೆಲದಲ್ಲಿ ಸಣ್ಣ ತೂತು ಬಾಯಿ ತೆರೆದುಕೊಂಡಿತ್ತು. ಅದರೊಳಗಿಂದ ಉಸಿರು ಎಳೆದುಕೊಳ್ಳುವಂಥ ಸದ್ದು ಬಂತು.

ಆಮೇಲೆ ನಾನು ಯೋಚಿಸಲಿಲ್ಲ. ತೊಟ್ಟಿಲಿನಿಂದ ಕೂಸನ್ನು ಬಾಚಿಕೊಂಡು ಓಡಿದೆ. ಮಾಳವ್ವ ಹಿಂದೆ ಓಡಿ ಬಂದು, "ಕೂಸು ಕೊಡೋ! ನಿನ್ನ ಕೈ ಸೇದ್ಲಿ!" ಎಂದು ನನ್ನ ಬೆನ್ನಿಗೆ ಗುದ್ದುತ್ತಿದ್ದಳು. ಕೂಸು ಕಿರಿಚುತ್ತಿತ್ತು. ಹೀಗೇ ಮೂವರೂ ದಿಬ್ಬ ಹತ್ತಿದೆವು. ಅವಳು ಕೂಸನ್ನು ಕಸಿದುಕೊಂಡು ಹಿಂತಿರುಗಿ ನೋಡಿದಳು. ಬೈಗುಳ ಅರ್ಧಕ್ಕೆ ನಿಂತಿತು.

ಮನೆಯ ಹಿಂದೆ ಕಪ್ಪು ನೀರು ಮೊದಲು ತೋಳಿನಷ್ಟು ದಪ್ಪಕ್ಕೆ ಚಿಮ್ಮಿತು. ಮೆಹಬೂಬ್ ಅಜ್ಜನನ್ನು ರಟ್ಟೆ ಹಿಡಿದು ಏರಿಯ ಮೇಲೆ ಆ ತುದಿಗೆ ಎಳೆದೊಯ್ಯುತ್ತಿದ್ದ. ಅವರು ನಿಂತಿದ್ದ ಜಾಗ ಕುಸಿದು ಕೆಳಗೆ ಕುಳಿತುಕೊಂಡಿತು. ನಮ್ಮ ಕೊಳವೆ ಒಮ್ಮೆ ವಾಲಿ ಕಾಣೆಯಾಯಿತು. ಕೆರೆ ಆ ಬಾಯಿಯಿಂದ ಒಂದೇ ಸಮನೆ ಹೊರಬಿತ್ತು. ತಗಡಿನ ಮನೆ ಮಡಚಿಕೊಂಡಿತು. ದಡ್ಡಿಯಲ್ಲಿ ಕಟ್ಟಿದ್ದ ಮರಿಗಳ ಕೂಗು ಸ್ವಲ್ಪ ಹೊತ್ತು ಕೇಳಿಸಿತು. ಆ ಕೂಗನ್ನು ನಾನು ಈಗಲೂ ಕೇಳುತ್ತೇನೆ. ಮನುಷ್ಯರು ಯಾರೂ ಸಾಯಲಿಲ್ಲ. ಕೆರೆಯ ಕೆಳಗೆ ಇನ್ನೆಲ್ಲ ಹೊಲಗಳೇ ಇದ್ದವು.

ಏರಿ ಏಕೆ ಒಡೆಯಿತು ಎನ್ನುವುದಕ್ಕೆ ಉತ್ತರ ಸಿಕ್ಕಿತು. ಹೊಸ ಮಣ್ಣಿನ ಕೆಳಗೆ, ನಮ್ಮ ತೂತು ಮುಟ್ಟದ ಆಳದಲ್ಲಿ, ಹಳೆಯ ಏರಿಯಲ್ಲಿ ಪೊಳ್ಳು ಇತ್ತಂತೆ. ಅದು ಒಳಗಿಂದಲೇ ಕೊರೆಯುತ್ತ ಮೇಲೆ ಬಂದು ನಮ್ಮ ತೂತನ್ನು ಕೂಡಿಕೊಂಡಾಗ ಕೊಳವೆ ಖಾಲಿಯಾಯಿತು. ಇದನ್ನು ನಾನು ಒಪ್ಪುತ್ತೇನೆ. ಹಳದಿಗೂ ಒಂದು ವಿವರಣೆ ಬಂತು. ಹಳೆಯ ಏರಿಯ ಮೇಲೆ ಮೊದಲು ಬೀರಪ್ಪನ ಕಲ್ಲು ಇತ್ತು, ತಲೆತಲಾಂತರದಿಂದ ಅಲ್ಲಿ ತೂರಿದ ಭಂಡಾರ ಮಣ್ಣಿನಲ್ಲಿ ಸೇರಿ ನೀರಿನ ಜೊತೆ ಬಂದಿರಬೇಕು ಎಂದು ನಮ್ಮ ಲ್ಯಾಬಿನ ಹಿರಿಯರು ಹೇಳಿದರು. ಬಾಟಲಿಯನ್ನು ಅವರ ಮುಂದಿಟ್ಟೆ. ತಳದಲ್ಲಿ ಕೂತಿದ್ದ ಪುಡಿ ಇವತ್ತು ಬೀಸಿದಷ್ಟು ಹೊಸದಾಗಿ ಹೊಳೆಯುತ್ತಿತ್ತು. ಅವರು ಬೆಳಕಿಗೆ ಹಿಡಿದು ನೋಡಿ ಮರಳಿಸಿದರು.

ಸಿದ್ದಪ್ಪಜ್ಜನಿಗೆ ಯಾವ ಗೊಂದಲವೂ ಇರಲಿಲ್ಲ. "ನಾ ಹಾಕಿದ ಭಂಡಾರನ ಅದು. ಹಾಕೂದು ನಮಗ ಆಮ್ಯಾಲ, ಅವಗ ಮೊದಲ. ದೇವರಿಗೆ ಹಿಂದಮುಂದ ಎಲ್ಲೈತ್ರಿ?" ಎಂದ. ಮೆಹಬೂಬ್ ಅದನ್ನೂ ಒಪ್ಪಲಿಲ್ಲ, ಇದನ್ನೂ ಒಪ್ಪಲಿಲ್ಲ. "ಕೂಸು ಉಳೀತಲ್ರಿ ಸರ. ಇನ್ನ ಲೆಕ್ಕ ಯಾಕ್ರಿ?" ಎನ್ನುತ್ತಾನೆ.

ನನಗೆ ಲೆಕ್ಕ ಬೇಕಿತ್ತು. ಮಾಳವ್ವ ಏರಿ ಹತ್ತಿ ಬರದಿದ್ದರೆ? ನೀರು ಬರೀ ನೀರಿನ ಬಣ್ಣದ್ದೇ ಆಗಿದ್ದರೆ? ಅವಳು ಒರೆಸಿ ಸುಮ್ಮನಾಗುತ್ತಿದ್ದಳು. ನಾನು ಕೊಳವೆ ನೋಡುತ್ತ, ಗಟ್ಟಿಯಾಗಿದೆ ಎನ್ನುತ್ತ ಕೂತಿರುತ್ತಿದ್ದೆ. ರಾತ್ರಿ ನಮ್ಮ ಮನೆಯಲ್ಲಿ ನಲ್ಲಿ ತೊಟ್ಟಿಕ್ಕಿದರೆ ಎಚ್ಚರವಾಗತೊಡಗಿತು. ಎದ್ದ ಕೂಡಲೇ ಕೈ ಮಂಚದ ಕೆಳಗಿನ ನೆಲವನ್ನು ತಡವುತ್ತಿತ್ತು, ಒದ್ದೆಯಾಗಿದೆಯೇ ಎಂದು. ಹೆಂಡತಿ ದವಾಖಾನೆಗೆ ಕರೆದೊಯ್ದಳು. ಗುಳಿಗೆಯಿಂದ ನಿದ್ದೆ ಬರುತ್ತಿತ್ತು, ಉಳಿಯುತ್ತಿರಲಿಲ್ಲ. ಬಾಟಲಿಯನ್ನು ಬಿಸಾಡಲು ಧೈರ್ಯ ಬರಲಿಲ್ಲ. ಮುಚ್ಚಳ ಬಿಗಿದಿದ್ದರೂ ಅದರ ನೀರಿನ ಮಟ್ಟ ಇಳಿಯುತ್ತ ಬಂತು. ಅದು ಮಾತ್ರ ನನಗೆ ಅರ್ಥವಾಗುತ್ತದೆ, ಪ್ಲಾಸ್ಟಿಕ್ಕನ್ನು ದಾಟಿ ಹೋದ ನೀರು ಅದು.

ಹೋದ ವರ್ಷ ಆ ಕೂಸಿನ ಜವಳ ಇಟ್ಟುಕೊಂಡರು. ಮೊದಲ ಕೂದಲನ್ನು ಬೀರಪ್ಪನಿಗೆ ಕೊಡುವ ಕಾರ್ಯ. ಮಾಳವ್ವ ಫೋನ್ ಮಾಡಿ, "ಬರದಿದ್ರ ನೋಡ್ ಅಣ್ಣಾ, ಮತ್ತ ಬೆನ್ನಿಗೆ ಗುದ್ತೇನಿ" ಎಂದಳು. ಹೋದೆ. ಅವರ ಹೊಸ ಮನೆ ದಿಬ್ಬದ ಮೇಲೆಯೇ ಇದೆ. ಬಾಟಲಿಯನ್ನು ಸಿದ್ದಪ್ಪಜ್ಜನ ಕೈಗಿಟ್ಟೆ. ಅಷ್ಟರಲ್ಲಿ ಅದರೊಳಗೆ ನೀರು ಪೂರ್ತಿ ಆರಿ ಪುಡಿಯಷ್ಟೇ ಉಳಿದಿತ್ತು. ಅವನು ಹಿಂದುಮುಂದು ನೋಡಲಿಲ್ಲ. ಮುಚ್ಚಳ ತೆಗೆದು ಅಂಗೈಗೆ ಸುರಿದುಕೊಂಡು, ಬೋಳಿಸಿದ ಆ ಪುಟ್ಟ ತಲೆಗೆ ಸವರಿಬಿಟ್ಟ. ಈ ಸಲ ನಾನು ಬೇಡ ಎನ್ನಲಿಲ್ಲ. ಕೂಸು ನನ್ನನ್ನು ನೋಡಿ ಕಿಲಕಿಲ ನಕ್ಕಿತು.

ಆ ರಾತ್ರಿ ಅವರ ಅಂಗಳದಲ್ಲೇ ಕಂಬಳಿ ಹಾಸಿ ಮಲಗಿದೆ. ಸುತ್ತ ಕುರಿಗಳ ಉಸಿರಾಟ ಕೇಳಿಸುತ್ತಿತ್ತು. ಯಾವಾಗ ಕಣ್ಣು ಮುಚ್ಚಿತೋ ಗೊತ್ತಿಲ್ಲ. ಎಚ್ಚರವಾದಾಗ ಮುಖದ ಮೇಲೆ ಬಿಸಿಲು ಬಿದ್ದಿತ್ತು, ದಡ್ಡಿ ಖಾಲಿಯಾಗಿತ್ತು. ಅಭ್ಯಾಸದಂತೆ ಕೈ ನೆಲಕ್ಕೆ ಹೋಯಿತು. ನೆಲ ಒಣಗಿತ್ತು. ಕೈ ಎತ್ತಿ ನೋಡಿಕೊಂಡೆ. ಬೆರಳ ತುದಿಯಲ್ಲಿ ಸ್ವಲ್ಪ ಹಳದಿ ಇತ್ತು. ಹಿಂದಿನ ದಿನ ಅವರು ತೂರಿದ ಭಂಡಾರದ್ದಿರಬೇಕು. ಅಷ್ಟಕ್ಕೇ ಬಿಟ್ಟು, ಮಗ್ಗುಲು ಬದಲಿಸಿ ಮತ್ತೆ ಮಲಗಿದೆ.