ವಿಕ್ಟೋರಿನ್ ಕಪಾಟಿನಿಂದ ಇಳಿಸಿದ ಬಿಸ್ಕತ್ತು

ನಮ್ಮ ಮಾರ್ಸೇ ಊರಿನ ಹಳೇ ಬಂದರಿನಲ್ಲಿ ವಿಕ್ಟೋರಿನ್ ಜೊತೆ ಜಗಳವಾಡಿ ಗೆದ್ದವರು ಯಾರೂ ಇಲ್ಲ. ಮದುವೆಯಾದಾಗಿನಿಂದ ಮೊಣಕಾಲು ಕೈಕೊಡುವವರೆಗೂ ದಕ್ಕೆಯ ಮೇಲೆ ಮೀನು ಮಾರಿದ ಹೆಂಗಸು ಅವಳು. ಗಿರಾಕಿ ಮೀನಿನ ಕಿವಿರು ಎತ್ತಿ ನೋಡಿದರೆ, "ಗಂಡನ್ನ ಆರಿಸೋವಾಗ ಹಿಂಗೇ ಕಿವಿ ಎತ್ತಿ ನೋಡಿದ್ಯೇನಮ್ಮಾ?" ಎಂದು ಇಡೀ ಬಂದರಿಗೆ ಕೇಳುವ ಹಾಗೆ ವಿಚಾರಿಸುತ್ತಿದ್ದಳು. ನಮ್ಮಿಬ್ಬರದೂ ಎದುರುಬದುರು ಮನೆ, ನಡುವೆ ಒಂದು ಕಿರಿದಾದ ಓಣಿ. ಅವಳ ಬೈಗುಳವೂ ಅವಳ ಒಲೆಯ ಪರಿಮಳವೂ ನನ್ನ ಅಡುಗೆಮನೆಗೆ ನೇರವಾಗಿ ಬರುತ್ತವೆ.

ಆ ಪರಿಮಳ ನಾವೆತ್ ಬಿಸ್ಕತ್ತಿನದು. ಬೆರಳುದ್ದದ ದೋಣಿಯ ಆಕಾರ, ನಡುವೆ ಉದ್ದಕ್ಕೆ ಒಂದು ಸೀಳು, ಹಿಟ್ಟಿಗೆ ಕಿತ್ತಳೆ ಹೂವಿನ ನೀರು. ಗಟ್ಟಿ ಎಂದರೆ ಅಷ್ಟಿಷ್ಟಲ್ಲ. ಕಾಫಿಯಲ್ಲಿ ಅದ್ದಿದರೂ ಸುಲಭಕ್ಕೆ ಜಗ್ಗುವುದಿಲ್ಲ. ಬಾಯಲ್ಲಿಟ್ಟುಕೊಂಡು ಸುಮ್ಮನೆ ಕಾಯಬೇಕು, ಆಮೇಲೆ ಹೂವಿನ ಘಮ ಮೂಗಿಗೇರುತ್ತದೆ. ಅವಸರದವರಿಗೆ ಹೇಳಿದ ತಿಂಡಿಯಲ್ಲ ಅದು.

ಫೆಬ್ರವರಿಯಲ್ಲಿ ಮೇಣದ ಬತ್ತಿಯ ಹಬ್ಬದ ದಿನ ಬೆಳಗಿನ ಜಾವವೇ ಇಗರ್ಜಿಗೆ ಹೋಗಿ, ಹಸಿರು ಬತ್ತಿ ತಂದು, ಆಶೀರ್ವಾದವಾದ ನಾವೆತ್ ಕೊಳ್ಳುತ್ತೇವೆ. ಉಳಿದವನ್ನು ತಿಂದರೂ ಒಂದನ್ನು ಬತ್ತಿಯ ಜೊತೆ ಕಪಾಟಿನ ಮೇಲೆ ಇಡಬೇಕು. ಮುಂದಿನ ಹಬ್ಬದವರೆಗೆ ಅದು ಮನೆಯನ್ನು ಕಾಯುತ್ತದೆ, ಕಡಲಿಗೆ ಹೋದವರನ್ನು ವಾಪಸು ಕರೆತರುತ್ತದೆ. ನಮ್ಮ ಮನೆಯಲ್ಲೂ ಇದೆ.

ವಿಕ್ಟೋರಿನ್ ಕೂಡ ಇಡುತ್ತಿದ್ದಳು. ಗಂಡ ಬಾರ್ತೆಲೆಮಿ ಮುಳುಗಿದ ವರ್ಷವೂ ಇಟ್ಟಿದ್ದಳು. ದೋಣಿಯ ಒಂದು ಹಲಗೆ ದಡಕ್ಕೆ ಬಂತು, ಬಾರ್ತೆಲೆಮಿ ಬರಲಿಲ್ಲ. ಕಪಾಟಿನ ಮೇಲಿನ ಬಿಸ್ಕತ್ತು ಮಾತ್ರ ಒಂದು ಚೂರೂ ಮುಕ್ಕಾಗದೆ ಕೂತಿತ್ತು. ಇಗರ್ಜಿಯಲ್ಲಿ ಅವನ ಆತ್ಮಶಾಂತಿಯ ಪೂಜೆ ಮುಗಿಸಿ ಬಂದವಳೇ ಅದನ್ನು ಇಳಿಸಿ, ನೆಂಟರಿಷ್ಟರೆಲ್ಲ ನೋಡುತ್ತಿದ್ದಂತೆ ಕಟಕಟ ಕಡಿದು ತಿಂದಳು. ಪಾದ್ರಿಗಳು ತಡೆಯಲು ಹೋದರೆ, ಕೆಲಸ ಮಾಡದ ಆಳಿಗೆ ತನ್ನ ಮನೆಯಲ್ಲಿ ಜಾಗವಿಲ್ಲ ಎಂದಳಂತೆ. ಅಂದಿನಿಂದ ತಾನೇ ಬೇಯಿಸತೊಡಗಿದಳು. ಹಬ್ಬವಿಲ್ಲ, ಆಶೀರ್ವಾದವಿಲ್ಲ, ವರ್ಷವಿಡೀ ನಾವೆತ್. ಕಡಲಿಗೆ ಹೊರಟವರ ಜೇಬಿಗೆ ತುರುಕಿ, ಕಾಯೋಕಲ್ಲ, ತಿನ್ನೋಕೆ ಎಂದು ಹೇಳಿ ಕಳಿಸುತ್ತಿದ್ದಳು.

ಮಗಳು ಜೊಸ್ಯಾನ್ ಪೂರಾ ತದ್ವಿರುದ್ಧ. ಗಂಡನ ಸಹವಾಸ ಸಾಕೆಂದು ಕೂಸನ್ನು ಕಟ್ಟಿಕೊಂಡು ತವರಿಗೆ ಬಂದವಳು ಮೊದಲು ಮಾಡಿದ ಕೆಲಸವೆಂದರೆ, ಆ ಕಪಾಟಿನ ಮೇಲೆ ಮತ್ತೆ ಬತ್ತಿ, ಬಿಸ್ಕತ್ತು ಇಟ್ಟದ್ದು. ತಾಯಿ ಗೊಣಗಿದಳು, ಆದರೆ ಮುಟ್ಟಲಿಲ್ಲ. ಆ ಕೂಸು ಮೈಲಿಸ್ ಬೆಳೆದು, ಬೇರೆ ಯಾವ ಕೆಲಸವೂ ಬೇಡ, ಮುದುಕ ಲಾಜಾರನ ದೋಣಿಯಲ್ಲಿ ಮೀನಿಗೆ ಹೋಗುತ್ತೇನೆ ಎಂದು ಹಟ ಹಿಡಿದಳು. ಜೊಸ್ಯಾನ್ ಅತ್ತಳು, ಉಪವಾಸ ಕೂತಳು. ಅಜ್ಜಿ ಮಾತ್ರ ಮೊಮ್ಮಗಳಿಗೆ ರಬ್ಬರ್ ಬೂಟು ತಂದುಕೊಟ್ಟಳು.

ಕಳೆದ ಮಾರ್ಚಿನ ಒಂದು ಬೆಳಗ್ಗೆ ಮೈಲಿಸ್ ಹೊರಡುವಾಗ ವಿಕ್ಟೋರಿನ್‌ಳ ಬಿಸ್ಕತ್ತಿನ ಡಬ್ಬಿ ಖಾಲಿಯಾಗಿತ್ತು. ಹಿಟ್ಟು ಇನ್ನೂ ಕಲಸಿರಲಿಲ್ಲ. ಮುದುಕಿ ಸ್ಟೂಲು ಹತ್ತಿ, ಕಪಾಟಿನ ಮೇಲಿದ್ದ ಆಶೀರ್ವಾದದ ಬಿಸ್ಕತ್ತನ್ನೇ ಇಳಿಸಿ ಮೊಮ್ಮಗಳ ಜೇಬಿಗೆ ಹಾಕಿದಳು.

ಜೊಸ್ಯಾನ್ ಎದ್ದು ನೋಡಿದಾಗ ಬತ್ತಿಯೊಂದೇ ಇತ್ತು. ಮಧ್ಯಾಹ್ನಕ್ಕೆ ಉತ್ತರದಿಂದ ಬೀಸುವ ಬಿರುಗಾಳಿ ಮಿಸ್ತ್ರಾಲ್ ಎದ್ದಿತು. ಕಿಟಕಿ ಬಾಗಿಲುಗಳು ಬಡಿದುಕೊಂಡವು, ದೋಣಿಗಳು ಒಂದೊಂದಾಗಿ ಒಳಗೆ ಬಂದವು, ಲಾಜಾರನದು ಬರಲಿಲ್ಲ. ಫೋನು ಹತ್ತಲಿಲ್ಲ. ಕರಾವಳಿ ಕಾವಲಿನ ಹಡಗು ಹುಡುಕಲು ಹೊರಟಿತು. ಸುದ್ದಿ ಓಣಿಯಿಂದ ಓಣಿಗೆ ಹಬ್ಬಿ, ಕಪಾಟು ಖಾಲಿ ಮಾಡಿದ ಕಥೆಯೂ ಅದರ ಬೆನ್ನಿಗೇ ಓಡಿತು. ನಾವು ದಕ್ಕೆಗೆ ಹೋಗುವಷ್ಟರಲ್ಲಿ ಹೆಂಗಸರು ವಿಕ್ಟೋರಿನ್‌ಳಿಂದ ದೂರ ಸರಿದು ನಿಂತಿದ್ದರು.

"ಅಮ್ಮಾ, ಅವಳಿಗೇನಾದ್ರೂ ಆದ್ರೆ ನಿನ್ನ ಮುಖ ನೋಡಲ್ಲ," ಎಂದಳು ಜೊಸ್ಯಾನ್.

"ನೋಡ್ಬೇಡ," ಎಂದಳು ಮುದುಕಿ. "ಸಮುದ್ರ ನೋಡು. ದೋಣಿ ಬರೋದು ಅಲ್ಲಿಂದ."

ಕೈಗೋಲು ಕಲ್ಲಿಗೆ ಊರಿ ನಿಂತವಳು ಕದಲಲಿಲ್ಲ. ಯಾರೋ ಕುರ್ಚಿ ತಂದರು, ಅದನ್ನು ಒದ್ದಳು. ಯಾರೋ ಜಪಸರ ಹಿಡಿದು ಪ್ರಾರ್ಥನೆ ಶುರು ಮಾಡಿದರೆ, ಹೆಣ ಬಂದಿಲ್ಲ, ಇನ್ನೂ ಸ್ವಲ್ಪ ತಡೀರಿ ಎಂದು ಗದರಿದಳು. ಆದರೆ ಪಕ್ಕದಲ್ಲಿ ನಿಂತಿದ್ದ ನನಗೆ ಅವಳ ಕೋಲು ಕಲ್ಲಿನ ಮೇಲೆ ಟಕಟಕ ನಡುಗುವುದು ಕೇಳುತ್ತಿತ್ತು. ಗಾಳಿ ಇರಬಹುದು ಎಂದುಕೊಳ್ಳಲು ನೋಡಿದೆ, ಆಗಲಿಲ್ಲ.

ಹೊತ್ತು ಇಳಿಯುವಾಗ ಕಾವಲಿನ ಹಡಗು ಲಾಜಾರನ ದೋಣಿಯನ್ನು ಎಳೆದುಕೊಂಡು ಬಂತು. ಎಂಜಿನ್ ಕೆಟ್ಟು, ಬಂದರಿನಾಚೆಯ ದ್ವೀಪವೊಂದರ ಬಂಡೆಗಳ ಮರೆಗೆ ಹೇಗೋ ಸೇರಿಕೊಂಡಿದ್ದರಂತೆ. ಮೈಲಿಸ್ ಒದ್ದೆಮುದ್ದೆಯಾಗಿ ಹತ್ತಿ ಬಂದಳು, ತುಟಿ ನೀಲಿಗಟ್ಟಿತ್ತು. ಜೊಸ್ಯಾನ್ ಅವಳನ್ನು ತಬ್ಬಿಕೊಂಡು ಬಿಡಲೇ ಇಲ್ಲ. ಆ ಅಪ್ಪುಗೆಯೊಳಗಿಂದಲೇ ಹುಡುಗಿ ಜೇಬಿಗೆ ಕೈಹಾಕಿ ಬಿಸ್ಕತ್ತು ತೆಗೆದಳು. ಮುಕ್ಕಾಗಿರಲಿಲ್ಲ.

"ಬೆಳಿಗ್ಗೆಯಿಂದ ಏನೂ ತಿಂದಿಲ್ವಾ?" ಎಂದು ಅಜ್ಜಿ ಕೇಳಿದಳು.

"ಭಯ ಆಯ್ತು ಅಜ್ಜಿ. ಇದನ್ನ ತಿಂದ್ರೆ ಏನಾದ್ರೂ ಆಗುತ್ತೇನೋ ಅಂತ."

"ನೋಡಿದ್ಯಾ ಅಮ್ಮಾ, ಅದೇ ಕಾಪಾಡಿದ್ದು," ಎಂದು ಜೊಸ್ಯಾನ್ ಬಿಕ್ಕಿದಳು.

ದಕ್ಕೆಯ ಹೆಂಗಸರೆಲ್ಲ ಶಿಲುಬೆಯ ಗುರುತು ಹಾಕಿಕೊಂಡರು. ಈಗಲಾದರೂ ಮುದುಕಿ ಸೋತಳು ಎಂದುಕೊಂಡೆವು.

"ಆಯ್ತು, ಕಾಪಾಡ್ತು ಅಂತಾನೇ ಇಟ್ಕೊ," ಎಂದಳು ವಿಕ್ಟೋರಿನ್. "ಅದರ ಕೆಲಸ ಮುಗೀತಲ್ಲ, ಕೊಡು ಇಲ್ಲಿ."

ಬಿಸ್ಕತ್ತನ್ನು ಕಸಿದುಕೊಂಡು, ದೋಣಿ ಕಟ್ಟುವ ಕಬ್ಬಿಣದ ಗೂಟಕ್ಕೆ ಅಪ್ಪಳಿಸಿದಳು. ಮೊದಲ ಏಟಿಗೆ ಅದು ಜಗ್ಗಲಿಲ್ಲ, ಎರಡನೆಯದಕ್ಕೆ ಒಡೆಯಿತು. ದೊಡ್ಡ ತುಂಡನ್ನು ಮೊಮ್ಮಗಳ ಬಾಯಿಗೆ ತಾನೇ ಇಟ್ಟಳು. ಒಂದು ಲಾಜಾರನಿಗೆ, ಒಂದು ಜೊಸ್ಯಾನ್‌ಗೆ. ಕಿತ್ತಳೆ ಹೂವಿನ ಘಮ ಡೀಸೆಲ್ ವಾಸನೆಯ ನಡುವೆಯೂ ನನಗೆ ಬಂತು.

ಜೊಸ್ಯಾನ್ ತಿನ್ನಲಿಲ್ಲ. ತನ್ನ ತುಂಡನ್ನು ಹಿಡಿದು ದಕ್ಕೆಯ ಅಂಚಿಗೆ ಹೋಗಿ, ಅಪ್ಪನ ಹೆಸರಲ್ಲಿ ನೀರಿಗೆ ಬಿಡಲು ಕೈ ಚಾಚಿದಳು. ವಿಕ್ಟೋರಿನ್ ಕುಂಟುತ್ತಾ ಹೋಗಿ ಆ ಕೈಯನ್ನು ಹಿಡಿದಳು.

"ಅದಕ್ಕೆ ಕೊಡಬೇಡ ಮಗಳೇ. ನನ್ನ ಗಂಡನ್ನೇ ತಿಂದಿದೆ, ಬಿಸ್ಕತ್ತೂ ಬೇಕಂತಾ? ನೀನು ತಿನ್ನು."

ಜೊಸ್ಯಾನ್ ಬಿಸ್ಕತ್ತನ್ನು ಬಾಯಿಗೆ ಹಾಕಿಕೊಂಡಳು. ಅದು ಮೆತ್ತಗಾಗುವವರೆಗೂ ತಾಯಿ ಅವಳ ಕೈ ಬಿಡಲಿಲ್ಲ.