ಹಡಗಿನಲ್ಲಿ ಅವ್ವ ಮುಚ್ಚಿಟ್ಟ ತಟ್ಟೆ

ಮೊದಲೇ ಒಂದು ಅರಿಕೆ ಮಾಡಿಕೊಳ್ಳುತ್ತೇನೆ. ಕಚೇರಿಯ ಪತ್ರ, ಟಿಪ್ಪಣಿಗಳನ್ನು ಬಿಟ್ಟು ಬೇರೇನನ್ನೂ ಬರೆದು ನನಗೆ ರೂಢಿಯಿಲ್ಲ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಒಂದು ವಾಕ್ಯ ಬರೆದರೆ ಎರಡು ಸಲ ತಿದ್ದುತ್ತೇನೆ. ಆದರೂ ತಪ್ಪು ಉಳಿದಿರಬಹುದು. ವೈದ್ಯಕೀಯ ವಿಷಯವನ್ನು ನನಗೆ ಅರ್ಥವಾದಷ್ಟೇ ಬರೆದಿದ್ದೇನೆ. ತಿಳಿದವರು ಕ್ಷಮಿಸಬೇಕು.

ಹಡಗಿನ ಪ್ರವಾಸ ಮುಗಿಸಿ ಬಂದಾಗಿನಿಂದ ಸಹೋದ್ಯೋಗಿಗಳು ಕೇಳುತ್ತಲೇ ಇದ್ದಾರೆ. ಹೇಗಿತ್ತು, ಏನೇನು ತೆಗೆದುಕೊಂಡು ಹೋಗಬೇಕು, ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದೇ ಎಂದು. ಉತ್ತರ ಹೇಳಹೊರಟಾಗಲೆಲ್ಲ ನನ್ನ ಬಾಯಿಗೆ ಅವ್ವನ ಸಕ್ಕರೆ ಕಾಯಿಲೆಯ ಕಥೆಯೇ ಬರುತ್ತದೆ. ಎರಡನ್ನೂ ಬೇರ್ಪಡಿಸಿ ಹೇಳಲು ನನ್ನಿಂದ ಆಗಲಿಲ್ಲ. ಆದ್ದರಿಂದ ಒಟ್ಟಿಗೇ ಬರೆಯುತ್ತಿದ್ದೇನೆ.

ಅದು ಆರಂಭವಾದದ್ದು ಅವ್ವನ ಬಲಗಾಲಿನ ಕಿರುಬೆರಳಿನಿಂದ.

ಅವ್ವ ಹುಲಿಗೆಮ್ಮ, ಸಿರುಗುಪ್ಪ ತಾಲ್ಲೂಕಿನ ಕರೂರಿನಲ್ಲಿ ಅಣ್ಣನ ಮನೆಯಲ್ಲಿರುತ್ತಾಳೆ. ನಲವತ್ತು ವರ್ಷ ಬೇರೆಯವರ ಗದ್ದೆಯ ಕೆಸರಿನಲ್ಲಿ ಭತ್ತದ ನಾಟಿ ಮಾಡಿದ ಕಾಲುಗಳು ಅವಳವು. ಬೆರಳಿಗೆ ಏನೋ ತರಚಿತ್ತು. ಅರಿಶಿಣ ಮೆತ್ತಿ, ಹಳೆಯ ಸೀರೆಯ ಚೂರು ಸುತ್ತಿ, ಯಾರಿಗೂ ಹೇಳದೆ ತಿಂಗಳು ಕಳೆದಳು. ಬಟ್ಟೆ ಒಗೆಯುವಾಗ ವಾಸನೆ ಬಂದು, ಅತ್ತಿಗೆ ಈರಮ್ಮ ಹಟ ಹಿಡಿದು ಸಿರುಗುಪ್ಪದ ದವಾಖಾನೆಗೆ ಕರೆದೊಯ್ದಳು. ಅಲ್ಲಿ ಮೊದಲ ಬಾರಿಗೆ ಅವ್ವನ ರಕ್ತ ಪರೀಕ್ಷೆ ಆಯಿತು.

ಶುಗರ್ ನಾಲ್ಕು ನೂರ ಹನ್ನೆರಡು.

ಬಳ್ಳಾರಿಗೆ ತಂದೆವು. ಕಿರುಬೆರಳನ್ನು ತೆಗೆದರು. ಇಪ್ಪತ್ತೆರಡು ದಿನ ವಾರ್ಡಿನಲ್ಲಿದ್ದಳು. ನಾನು ಗಾಂಧಿನಗರದ ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಕಚೇರಿಗೆ ಓಡಾಡಿದೆ. ಡ್ರೆಸ್ಸಿಂಗ್ ಮಾಡುವಾಗ ಅವಳು ಅಳಲಿಲ್ಲ. ಗೋಡೆಯ ಮೇಲಿನ ಟಿ.ವಿ. ನೋಡುತ್ತಿದ್ದಳು. ಒಂದು ದಿನ ಅದರಲ್ಲಿ ದೊಡ್ಡ ಬಿಳಿ ಹಡಗೊಂದರ ಜಾಹೀರಾತು ಬಂತು. ಹಡಗಿನೊಳಗೆ ಸಾಲು ಸಾಲಾಗಿ ತಟ್ಟೆ ಹಿಡಿದ ಜನ.

"ಅಷ್ಟು ನೀರಿನ ಮ್ಯಾಲ ಒಲಿ ಹೆಂಗ ಹಚ್ಚತಾರ ಯವ್ವಾ?" ಎಂದು ಕೇಳಿದಳು.

ಪಕ್ಕದಲ್ಲಿದ್ದ ನನ್ನ ಯಜಮಾನರು ಕುರುಗೋಡಿನವರು, ಶಾಲಾ ಶಿಕ್ಷಕರು, ಮಾತಿನಲ್ಲಿ ಚುರುಕು. "ಕಾಲು ಮಾಯಲಿ ಅತ್ತಿ. ಆ ಒಲಿ ನೋಡಾಕ ಹೋಗೂಣಂತ" ಎಂದರು. ಅವ್ವ ನಕ್ಕಳು. ಶಸ್ತ್ರಚಿಕಿತ್ಸೆ ಆದ ಮೇಲೆ ಅವಳು ನಕ್ಕಿದ್ದು ಅಂದೇ ಮೊದಲು. ಆ ಮಾತನ್ನು ಅವರು ಮರೆಯಲಿಲ್ಲ. ಅವಳೂ ಮರೆಯಲಿಲ್ಲ.

ಡಿಸ್ಚಾರ್ಜ್ ಆಗಿ ಕರೂರಿಗೆ ಹೋದಳು. ದಿನಕ್ಕೆರಡು ಹೊತ್ತು ಇನ್ಸುಲಿನ್. ಚುಚ್ಚುವುದನ್ನು ನರ್ಸ್ ಅತ್ತಿಗೆಗೆ ಕಲಿಸಿದರು. ಅತ್ತಿಗೆ ನಾಲ್ಕನೆಯ ತರಗತಿಯ ನಂತರ ಶಾಲೆ ಬಿಟ್ಟವಳು. ಅವಳು ಸಿರಿಂಜಿನ ಗೆರೆಗಳನ್ನು ಸರಿಯಾಗಿ ಎಣಿಸುತ್ತಾಳೋ ಇಲ್ಲವೋ ಎಂದು ನಾನು ಪ್ರತಿದಿನ ಫೋನ್ ಮಾಡಿ ಕೇಳುತ್ತಿದ್ದೆ. ಇದನ್ನು ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಏಳು ತಿಂಗಳ ನಂತರ ಗಾಯ ಪೂರ್ತಿ ಮಾಯಿತು. ಮುಂಬೈಯಿಂದ ಗೋವಾಕ್ಕೆ ಹೋಗಿಬರುವ ಹಡಗಿನಲ್ಲಿ ಮೂರು ದಿನದ ಪ್ರವಾಸಕ್ಕೆ ನಾವು ಹೆಸರು ಹಚ್ಚಿದೆವು. ಬಳ್ಳಾರಿಯ ಡಾಕ್ಟರು ಅಡ್ಡಿಯಿಲ್ಲ ಎಂದರು. "ಊಟದ ಟೈಮು, ಇನ್ಸುಲಿನ್ ಟೈಮು, ಎರಡೂ ತಪ್ಪಬಾರದು. ಅಷ್ಟ ನೋಡ್ರಿ" ಎಂದು ಎಚ್ಚರಿಸಿದರು.

ನಾನು ಪಟ್ಟಿ ಮಾಡುವ ಸ್ವಭಾವದವಳು. ನಲವತ್ತೊಂದು ಅಂಶಗಳ ಪಟ್ಟಿ ಮಾಡಿದೆ. ಅದರಲ್ಲಿ ಉಪಯೋಗಕ್ಕೆ ಬಂದವನ್ನು ಇಲ್ಲಿ ಹೇಳುತ್ತೇನೆ. ಬಂದರಿನಲ್ಲಿ ದೊಡ್ಡ ಚೀಲಗಳಿಗೆ ಚೀಟಿ ಕಟ್ಟಿ ಹಡಗಿನವರೇ ಒಯ್ಯುತ್ತಾರೆ, ಅವು ಕೋಣೆಗೆ ಬರಲು ಮೂರು-ನಾಲ್ಕು ಗಂಟೆಯಾಗಬಹುದು; ಆದ್ದರಿಂದ ಔಷಧಿ, ಗ್ಲುಕೋಮೀಟರ್, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಬೇಕು. ಸೂಜಿಗಳಿದ್ದರೆ ತಪಾಸಣೆಯಲ್ಲಿ ಕೇಳುತ್ತಾರೆ, ಡಾಕ್ಟರ ಚೀಟಿ ಬೇಕು. ನಮ್ಮ ಕೋಣೆಯಲ್ಲಿ ಚಿಕ್ಕ ಫ್ರಿಜ್ ಇತ್ತು. ಇನ್ಸುಲಿನ್ ಅನ್ನು ಅದರ ಬಾಗಿಲಿನಲ್ಲಿಟ್ಟೆ, ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು. ಕೋಣೆ ಕೆಳ ಅಂತಸ್ತಿನಲ್ಲಿ, ಹಡಗಿನ ನಡುಭಾಗದಲ್ಲಿದ್ದರೆ ತೂಗಾಟ ಕಡಿಮೆ. ಕಾಲಿನಲ್ಲಿ ಗಾಯವಾಗಿದ್ದವರು ಹಡಗಿನ ಮೇಲಿನ ತೆರೆದ ಡೆಕ್ಕಿನಲ್ಲಿ ಬರಿಗಾಲಲ್ಲಿ ನಡೆಯಬಾರದು, ಬಿಸಿಲಿಗೆ ನೆಲ ಸುಡುತ್ತದೆ. ದಡ ದೂರವಾದ ಮೇಲೆ ಮೊಬೈಲ್ ಸಿಗುವುದಿಲ್ಲ. ಯಾರನ್ನಾದರೂ ಏನಾದರೂ ಕೇಳುವುದಿದ್ದರೆ ಹಡಗು ಬಿಡುವ ಮೊದಲೇ ಕೇಳಿಬಿಡಿ.

ಈ ಕೊನೆಯದನ್ನು ನಾನು ಪಟ್ಟಿಯಲ್ಲಿ ಬರೆದಿದ್ದೆ. ಆದರೆ ಯಾರನ್ನು ಏನು ಕೇಳಬೇಕೆಂಬುದು ತಿಳಿದಿರಲಿಲ್ಲ.

ಗುಂತಕಲ್ಲಿನಿಂದ ರೈಲು ಹಿಡಿದು ಮುಂಬೈ ಸೇರಿ ಹಡಗು ಹತ್ತಿದೆವು. ಮೊದಲ ದಿನ ಅವ್ವ ಕಿಟಕಿ ಬಿಟ್ಟು ಕದಲಲಿಲ್ಲ. ಸಮುದ್ರವನ್ನು ನೋಡಿ, "ಇಷ್ಟು ನೀರು ಐತಿ, ಒಂದು ಸಸಿ ಹಚ್ಚಾಕ ಬರೂದಿಲ್ಲ" ಎಂದಳು. ಅಂದು ಸಂಜೆಯ ಊಟ ಕೋಣೆಗೇ ತರಿಸಿದ್ದೆವು, ಮೂವರೇ ಇದ್ದೆವು. ನಾವಿಬ್ಬರು ಉಂಡ ಕೂಡಲೇ ಅವಳೂ ಉಂಡಳು. ಅದರಲ್ಲಿ ನನಗೆ ವಿಶೇಷವೇನೂ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಏಳೂವರೆಗೆ ಸರಿಯಾಗಿ ಇನ್ಸುಲಿನ್ ಕೊಟ್ಟೆ. ಎಂಟಕ್ಕೆ ತಿಂಡಿ ಎಂದು ಲೆಕ್ಕ. ಒಂಬತ್ತು ಅಂತಸ್ತು ಮೇಲಿನ ಊಟದ ಹಾಲಿಗೆ ಹೋದೆವು. ಜಾತ್ರೆಯಷ್ಟು ಮಂದಿ. ಅವ್ವನನ್ನು ಕಿಟಕಿಯ ಬಳಿ ಕೂರಿಸಿ, ಇಡ್ಲಿ, ಉಪ್ಪಿಟ್ಟು ಹಾಕಿ ತಂದು ಮುಂದಿಟ್ಟೆ. "ಉಣ್ಣು ಬೇ" ಎಂದು ಹೇಳಿ, ಗೋವಾದಲ್ಲಿ ಇಳಿಯುವ ಹೊತ್ತಿನ ಚೀಟಿ ಪಡೆಯಲು ಕೆಳಗಿನ ಕೌಂಟರಿಗೆ ಹೋದೆ. ಆ ಸಾಲು ಉದ್ದವಿತ್ತು. ಯಜಮಾನರು ದೋಸೆ ತಂದು ಅವ್ವನ ಎದುರು ಕುಳಿತರಂತೆ. ಅವಳು, "ನೀವು ಉಣ್ರಿ ಮಾಸ್ತರ, ನಂದು ಆತು" ಎಂದಳಂತೆ. ಅವರು ಉಂಡು ಕೈ ತೊಳೆಯಲು ಹೋದರು.

ನಾನು ಮರಳಿದಾಗ ಒಂಬತ್ತು ದಾಟಿತ್ತು. ಅವ್ವನ ಹಣೆಯಲ್ಲಿ ಬೆವರು. ಕೈ ನಡುಗುತ್ತಿತ್ತು. ಎ.ಸಿ.ಯ ತಂಪಿನಲ್ಲಿ ಕುಪ್ಪಸ ಒದ್ದೆಯಾಗಿತ್ತು.

ಹಡಗಿನ ತೂಗಾಟಕ್ಕೆ ಹೀಗಾಗುತ್ತದೆ ಎಂದು ಓದಿದ್ದೆ. ಊಟವಾಗಿದೆ ಎಂದು ಯಜಮಾನರು ಹೇಳಿದರು. ಹಾಗಾದರೆ ಇನ್ನೇನು? ತಲೆಸುತ್ತಿನ ಮಾತ್ರೆ ನುಂಗಿಸಿದೆ. ಹೊರಗಿನ ಗಾಳಿಗೆ ಕರೆದೊಯ್ದು ಆರಾಮಕುರ್ಚಿಯಲ್ಲಿ ಮಲಗಿಸಿದೆ. ಮೂಗಿಗೆ ನಿಂಬೆಹಣ್ಣು ಹಿಡಿದೆ. ಇಷ್ಟೇ ಅಲ್ಲ. ವಾಂತಿಯಾದೀತೆಂದು, ಏನೂ ತಿನ್ನಬೇಡ, ಕುಡಿಯಬೇಡ ಎಂದು ನಾನೇ ಹೇಳಿದೆ. ಗ್ಲುಕೋಮೀಟರ್ ಕೋಣೆಯಲ್ಲಿ, ಒಂಬತ್ತು ಅಂತಸ್ತು ಕೆಳಗಿತ್ತು.

ಸ್ವಲ್ಪ ಹೊತ್ತಿಗೆ ಅವ್ವ ಮಾತಾಡಿದಳು. ದನಿ ಮಾತ್ರ ಬೇರೆಯಾಗಿತ್ತು.

"ಬಸ್ ಬಂತು ನೋಡು. ಬುತ್ತಿ ಬಿಟ್ಟು ಹೊಂಟೀಯಲ್ಲ, ತಗಂಡು ಹೋಗು."

ಕರೂರಿನಿಂದ ಸಿರುಗುಪ್ಪಕ್ಕೆ ನಾನು ಕಾಲೇಜಿಗೆ ಹೋಗುತ್ತಿದ್ದ ಬಸ್ಸು ಅದು. ಮೂರು ವರ್ಷ, ಬೆಳಗಿನ ಅದೇ ಬಸ್ಸು. ನಾನು ಓದುತ್ತಾ ನಿಂತು ಬುತ್ತಿ ಮರೆಯುತ್ತಿದ್ದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿ ಬಂದು, ಕಿಟಕಿಯಿಂದ ಡಬ್ಬಿ ಕೊಡುತ್ತಿದ್ದಳು. ರೊಟ್ಟಿ, ಪುಂಡಿಪಲ್ಯ, ಇನ್ನೂ ಬೆಚ್ಚಗಿರುತ್ತಿದ್ದವು. ಬಸ್ಸಿನಲ್ಲಿದ್ದವರು, "ಹುಲಿಗೆಮ್ಮನ ಮಗಳು ಸಾಹೇಬಾಗ್ತಾಳ, ಡಬ್ಬಿ ಹಿಡ್ಯಾಕ ಆಳು ಅದಾರ" ಎಂದು ನಗುತ್ತಿದ್ದರು. ಅಷ್ಟೂ ವರ್ಷ ಆ ಡಬ್ಬಿಗೆ ಹಾಕಿದ ಮೇಲೆ ಅವಳಿಗೆ ಏನು ಉಳಿಯುತ್ತಿತ್ತೆಂದು ನಾನು ಕೇಳಿರಲಿಲ್ಲ. ಕೇಳಿದ್ದರೂ ಉತ್ತರ ಒಂದೇ. ನಂದು ಆತು.

ಅವ್ವನ ತಲೆ ವಾಲಿತು.

ಮುಂದಿನದು ನನಗೆ ಕ್ರಮವಾಗಿ ನೆನಪಿಲ್ಲ. ಯಾರೋ ಗಾಲಿಕುರ್ಚಿ ತಂದರು. ಲಿಫ್ಟು ಇಳಿಯುತ್ತಲೇ ಇತ್ತು. ಹಡಗಿನ ಕೆಳಭಾಗದಲ್ಲಿ ಮೆಡಿಕಲ್ ಸೆಂಟರ್ ಎಂಬ ಎರಡು ಕೋಣೆಯ ಚಿಕ್ಕ ಆಸ್ಪತ್ರೆ ಇದೆ. ನರ್ಸ್ ಬೆರಳಿಗೆ ಚುಚ್ಚಿದರು.

ಮೂವತ್ತೆಂಟು.

ಡಾಕ್ಟರಮ್ಮ ಕೈಗೆ ಡ್ರಿಪ್ ಹಾಕಿ ಗ್ಲುಕೋಸ್ ಬಿಟ್ಟರು. ಲೋ ಶುಗರ್ ಎಂದರು. ಬೆವರು, ನಡುಕ, ಗೊಂದಲದ ಮಾತು, ಎಲ್ಲವೂ ಅದರ ಲಕ್ಷಣವಂತೆ. ಹಡಗಿನಲ್ಲಿ ಅನೇಕರು ಇದನ್ನು ತೂಗಾಟದ ತಲೆಸುತ್ತೆಂದೇ ತಿಳಿಯುತ್ತಾರಂತೆ. ಬೆಳಿಗ್ಗೆ ಏನು ತಿಂದರು ಎಂದು ಕೇಳಿದರು. ಇಡ್ಲಿ ಎಂದೆ. ಅಲ್ಲಿಯವರೆಗೆ ಗಾಲಿಕುರ್ಚಿ ತಳ್ಳಿಕೊಂಡು ಬಂದಿದ್ದ, ಊಟದ ಹಾಲಿನಲ್ಲಿ ಬಡಿಸುವ ಹೆಣ್ಣುಮಗಳು ಬಾಗಿಲಲ್ಲೇ ನಿಂತಿದ್ದಳು. ಅವಳು ಹಿಂದಿಯಲ್ಲಿ ಹೇಳಿದಳು: "ಅಮ್ಮ ತಿನ್ನಲಿಲ್ಲ. ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ಕಿಟಕಿಯ ಕಡೆ ಸರಿಸಿಟ್ಟಿದ್ದರು. ನಾನು ಮೂರು ಸಲ ಕೇಳಿದೆ. ಮೂರು ಸಲವೂ ಸಾಲಿನಲ್ಲಿ ನಿಂತವರ ಕಡೆ ಕೈ ತೋರಿಸಿದರು."

ಗ್ಲುಕೋಸ್ ಇಳಿದಂತೆ ಅವ್ವ ಕಣ್ಣು ಬಿಟ್ಟಳು. ನನ್ನನ್ನು ಗುರುತಿಸಿದಳು. ನಾನು ಕೇಳಬಾರದಿತ್ತು, ಆದರೂ ಕೇಳಿದೆ. ಯಾಕೆ ತಿನ್ನಲಿಲ್ಲ ಎಂದು.

"ಇನ್ನಾ ಮಂದಿ ನಿಂತಿದ್ರಲ್ಲವ್ವಾ. ಅವರದು ಮುಗೀಲಿ ಅಂತ ಕುಂತಿದ್ದೆ."

"ಇಲ್ಲಿ ಮುಗಿಯಂಗಿಲ್ಲ ಬೇ" ಎಂದೆ.

ಮನೆಯಲ್ಲಿ ಅವ್ವ ಕೊನೆಗೆ ಉಣ್ಣುವುದು ಪ್ರೀತಿಯಿಂದ ಎಂದು ನಾನು ಬಾಲ್ಯದಿಂದ ನಂಬಿದ್ದೆ. ಪ್ರೀತಿಯೂ ಇತ್ತು, ಸುಳ್ಳಲ್ಲ. ಆದರೆ ಅಂದು ಆ ಚಿಕ್ಕ ಕೋಣೆಯಲ್ಲಿ ಬೇರೊಂದು ನೆನಪಾಯಿತು. ಗದ್ದೆಯ ಧಣಿಗಳ ಮನೆಯ ಮದುವೆಗೆ ಅವಳು ನನ್ನನ್ನು ಕರೆದೊಯ್ಯುತ್ತಿದ್ದಳು. ಚಪ್ಪರದ ಆಚೆ, ಬೇವಿನ ಗಿಡದ ಕೆಳಗೆ, ಕೂಲಿಯವರೆಲ್ಲ ತಟ್ಟೆ ಮಡಿಲಲ್ಲಿಟ್ಟುಕೊಂಡು ಕುಳಿತಿರುತ್ತಿದ್ದೆವು. ಪಂಕ್ತಿಯ ಮೇಲೆ ಪಂಕ್ತಿ ಏಳುತ್ತಿತ್ತು. ನನಗೆ ಹಸಿವು. ಅವಳು ಬೆನ್ನು ಸವರುತ್ತ ಇದೇ ಮಾತನ್ನು ಹೇಳುತ್ತಿದ್ದಳು, ಇದೇ ದನಿಯಲ್ಲಿ. ಅವರದು ಮುಗೀಲಿ. ಆ ಗಿಡದ ನೆರಳು, ದೂರದಿಂದ ಬರುತ್ತಿದ್ದ ಹುಗ್ಗಿಯ ವಾಸನೆ, ಅವಳ ಕೈಯ ಬಿಸಿ ಇವೆಲ್ಲ ನನಗೆ ಸಿಹಿಯಾದ ನೆನಪುಗಳೇ ಆಗಿದ್ದವು. ಈಗಲೂ ಹೌದು. ಆದರೆ ಪದವಿ ಪಡೆದು, ನೌಕರಿ ಹಿಡಿದು ನಾನು ಆ ಗಿಡದ ಕೆಳಗಿನಿಂದ ಎದ್ದು ಬಂದಿದ್ದೆ. ಅವ್ವ ಅಲ್ಲಿಯೇ ಕುಳಿತಿದ್ದಾಳೆ ಎಂಬುದನ್ನು ಗಮನಿಸಿರಲಿಲ್ಲ.

ಮಧ್ಯಾಹ್ನ ದಡ ಹತ್ತಿರವಾಗಿ ಮೊಬೈಲ್ ಸಿಕ್ಕಿತು. ಅತ್ತಿಗೆಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡಳು. ಆಮೇಲೆ ಕೇಳಿದಳು.

"ಸೂಜಿ ಯಾವಾಗ ಹಾಕಿದಿ?"

"ಏಳೂವರಿಗೆ. ಬರೆದ ಪ್ರಕಾರ."

"ಎಲ್ಲರದೂ ಆದ ಮ್ಯಾಲೇ ಅಲ್ಲೇನು ಆಕಿ ಉಣ್ಣಾಕಿ? ನಾ ಮಂದೀದು ಮುಗಿಯಾತನಕ ಸೂಜಿ ಮುಟ್ಟಂಗಿಲ್ಲ. ಹಾಕಿದ ಮ್ಯಾಲ ಮುಂದ ಕುಂದ್ರಿಸಿ ಉಣಿಸ್ತೀನಿ."

ಮೊದಲೇ ಯಾಕೆ ಹೇಳಲಿಲ್ಲ ಎಂದೆ.

"ನೀ ಇದ ಮನ್ಯಾಗ ಹುಟ್ಟಿದಾಕಿ. ನಿನಗ ಗೊತ್ತಿರ್ತೈತಿ ಅಂದ್ಕಂಡೆ."

ನನ್ನ ನಲವತ್ತೊಂದು ಅಂಶಗಳಲ್ಲಿ ಇದು ಇರಲಿಲ್ಲ. ಆದ್ದರಿಂದ ಹಡಗಿನ ಪ್ರವಾಸಕ್ಕೆ ರೋಗಿಗಳನ್ನು ಕರೆದೊಯ್ಯುವವರಿಗೆ ನನ್ನ ಮುಖ್ಯವಾದ ಸಲಹೆ ಇದು. ಅವರಿಗೆ ದಿನವೂ ಔಷಧಿ ಕೊಡುವವರ ಹತ್ತಿರ ಒಂದು ಗಂಟೆ ಕುಳಿತು, ಬೆಳಗಿನಿಂದ ಸಂಜೆಯವರೆಗೆ ಏನೇನು ಮಾಡುತ್ತಾರೆಂದು ಕೇಳಿ. ಚೀಟಿಯಲ್ಲಿರುವುದು ಸಾಲದು. ಹಡಗಿನಲ್ಲಿ ಬೆವರು, ತಲೆಸುತ್ತು ಕಂಡರೆ ಮೊದಲು ಶುಗರ್ ನೋಡಿ, ಆಮೇಲೆ ಮಾತ್ರೆ. ಮೀಟರ್ ಮತ್ತು ಸಕ್ಕರೆಯ ಪೊಟ್ಟಣ ನಿಮ್ಮ ಮೈಮೇಲೆಯೇ ಇರಲಿ. ಊಟದ ಹಾಲಿನಲ್ಲಿ ರೋಗಿಯನ್ನು ಒಂಟಿಯಾಗಿ ಬಿಡಬೇಡಿ. ಕೋಣೆಯ ಫೋನಿನಲ್ಲಿ ಮೆಡಿಕಲ್ ಸೆಂಟರಿನ ನಂಬರನ್ನು ಮೊದಲ ದಿನವೇ ನೋಡಿಟ್ಟುಕೊಳ್ಳಿ.

ಗೋವಾದಲ್ಲಿ ನಾವು ಇಳಿಯಲಿಲ್ಲ. ಅವ್ವ ದಡವನ್ನು ಕಿಟಕಿಯಿಂದಲೇ ನೋಡಿದಳು.

ಮೂರನೆಯ ಬೆಳಿಗ್ಗೆ ಊಟದ ಹಾಲು ತೆರೆಯುವ ಮೊದಲೇ ಹೋಗಿ ನಿಂತೆವು. ಬಡಿಸುವ ಆ ಹೆಣ್ಣುಮಗಳು ನಮಗಾಗಿ ಬಾಗಿಲು ತೆಗೆದಳು. ಒಳಗೆ ಯಾರೂ ಇರಲಿಲ್ಲ. ಪಾತ್ರೆಗಳಿಂದ ಹಬೆ ಏಳುತ್ತಿತ್ತು. ಅವ್ವ ತಟ್ಟೆ ಹಿಡಿದು ಹಿಂದೆ ನೋಡಿದಳು.

"ನಾನs ಮೊದಲು?"

"ನೀನs" ಎಂದೆ.

ಮೇಜಿನಲ್ಲಿ ಕುಳಿತು ಮೊದಲ ತುತ್ತು ಎತ್ತಿದಾಗ ಅವಳ ಕೈ ನಡುಗಿತು. ನಾನು ಗಾಬರಿಯಾಗಿ ಮೀಟರ್ ತೆಗೆದೆ. "ಶುಗರ್ ಅಲ್ಲ ಬಿಡು" ಎಂದಳು. ಉಂಡ ಮೇಲೆ ಆ ಹೆಣ್ಣುಮಗಳು ಅಡುಗೆಮನೆಯ ಬಾಗಿಲವರೆಗೆ ಕರೆದೊಯ್ದು ಒಳಗೆ ತೋರಿಸಿದಳು. ಉಕ್ಕಿನ ಹಾಸಿನಂಥ ಒಲೆಗಳು, ಎಲ್ಲ ಕರೆಂಟಿನವು. ಎಲ್ಲಿಯೂ ಬೆಂಕಿ ಕಾಣಲಿಲ್ಲ. ಅವ್ವ ಬಹಳ ಹೊತ್ತು ನೋಡಿದಳು. "ಹೊಗಿ ಇಲ್ಲದ ಅಡಿಗಿ. ಅದಕ್ಕs ಇವರ ಕಣ್ಣು ಛಲೋ ಅದಾವ" ಎಂದು ಅಳಿಯನಿಗೆ ಹೇಳಿದಳು.

ನಾವು ಮರಳಿ ಬಂದು ನಾಲ್ಕು ತಿಂಗಳಾಗಿದೆ. ಅವ್ವನ ಶುಗರ್ ಪೂರ್ತಿ ಹಿಡಿತಕ್ಕೆ ಬಂದಿದೆ ಎಂದು ಹೇಳಲಾರೆ, ಏರುತ್ತದೆ, ಇಳಿಯುತ್ತದೆ. ಆ ದಿನ ಅವಳನ್ನು ಉಳಿಸಿಕೊಟ್ಟ ಡಾಕ್ಟರಮ್ಮನಿಗೂ, ತಟ್ಟೆಯನ್ನು ಗಮನಿಸಿದ ಆ ಹೆಣ್ಣುಮಗಳಿಗೂ ನಾನು ಋಣಿ.

ಮನೆಯಲ್ಲಿ ಬದಲಾದದ್ದು ಇಷ್ಟು. ಕರೂರಿನಲ್ಲಿ ಈಗ ಬೆಳಗಿನ ಮೊದಲ ತಟ್ಟೆ ಅವ್ವನದು, ಎರಡನೆಯದು ಅತ್ತಿಗೆಯದು. ಇಬ್ಬರೂ ಎದುರುಬದುರು ಕುಳಿತು ಉಣ್ಣುತ್ತಾರೆ, ಅಣ್ಣ ಕಾಯುತ್ತಾನೆ. ಅತ್ತಿಗೆಗೆ ನಾನು ಈಗಲೂ ದಿನವೂ ಫೋನ್ ಮಾಡುತ್ತೇನೆ, ಗೆರೆ ಎಣಿಸಿದೆಯಾ ಎಂದು ಕೇಳಲು ಅಲ್ಲ. ಗಾಂಧಿನಗರದ ಮನೆಯಲ್ಲಿ ಎಲ್ಲರದೂ ಆದ ಮೇಲೆ ಒಲೆಯ ಪಕ್ಕ ನಿಂತೇ ಉಣ್ಣುತ್ತಿದ್ದವಳು ನಾನು. ಈಗ ಕುಳಿತು, ಯಜಮಾನರ ಜೊತೆಗೇ ಉಣ್ಣುತ್ತೇನೆ. ನಮ್ಮಲ್ಲಿ ಯಾರಾದರೂ "ನಂದು ಆತು" ಎಂದರೆ ಉಳಿದವರು ಅವರ ತಟ್ಟೆ ನೋಡುತ್ತೇವೆ.