ಲಾಳಿಯಿಂದ ಕೆತ್ತಿದ ಗಾಳಿದೋಣಿ

ಮೊನ್ನೆ ಟ್ರಂಕಿನ ತಳದಲ್ಲಿ ಏನೋ ಹುಡುಕುತ್ತಿದ್ದಾಗ ನೂಲಿನ ಚಿಂದಿಯಲ್ಲಿ ಸುತ್ತಿಟ್ಟ ಗಂಟೊಂದು ಕೈಗೆ ತಾಗಿತು. ಬಿಚ್ಚುವ ಮೊದಲೇ ವಾಸನೆ ಬಂತು. ಮಗ್ಗದ ಎಣ್ಣೆ, ಗಂಜಿ ಕುಡಿದ ನೂಲು, ಹಳೆಯ ಕಟ್ಟಿಗೆ... ಒಳಗೆ ಏನಿದೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲವಳಾಗಿದ್ದೆ. ಮಗ್ಗದ ಲಾಳಿಯ ಮುಂದಿನ ಅರ್ಧ. ಮೂತಿಗೆ ಉಕ್ಕಿನ ಮೊನೆ, ಕೆಳಗೆ ಸುತ್ತಲೂ ಡಬ್ಬಿಯ ತಗಡಿನ ಅಂಚು, ಬೆನ್ನ ಮೇಲೆ ತೋಪಿನ ಬದಲು ಸೈಕಲ್ಲಿನ ಕಡ್ಡಿ. ಅದು ಆಟದ ಯುದ್ಧದ ಗಾಳಿದೋಣಿ, ನೆಲ ಮುಟ್ಟದೆ ಗಾಳಿಯ ಮೇಲೆ ಓಡುವಂಥದ್ದು. ಇನ್ನೂ ಹುಟ್ಟದ ಕಾಲದ, ಯಾವುದೋ ಗ್ರಹದ ಮೇಲೆ ನಡೆಯುವ ಯುದ್ಧದ್ದು.

ಅದನ್ನು ಮಾಡಿದವರು ನಮ್ಮ ಪಕ್ಕದ ಮನೆಯ ಕಾಕಾ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಗಡಹಿಂಗ್ಲಜದಿಂದ ಮದುವೆಯಾಗಿ ಮಹಾರಾಷ್ಟ್ರದ ನೇಕಾರರ ಊರು ಇಚಲಕರಂಜಿಗೆ ಬಂದಾಗ, ಆ ಓಣಿಯಲ್ಲಿ ಕನ್ನಡ ಮಾತಾಡುತ್ತಿದ್ದುದು ನಮ್ಮವೆರಡೇ ಮನೆ. ಕಾಕಾ ತಮ್ಮ ಅಣ್ಣನ ಮಗ್ಗದ ಶೆಡ್ಡಿನಲ್ಲಿ ಜಾಬರ್, ಅಂದರೆ ಕೆಟ್ಟ ಮಗ್ಗ ಸರಿಮಾಡುವವರು. ನಾನು ಅದೇ ಶೆಡ್ಡಿನ ಮೂಲೆಯಲ್ಲಿ ಲಾಳಿಯೊಳಗೆ ಕೂರುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದೆ. ಕಾಕಾಗೆ ಸಿಟ್ಟು ಮೂಗಿನ ಮೇಲೆ. ನಟ್ಟು ಬಿಗಿಯಾಗದಿದ್ದರೆ ಬಿಗಿಯುವ ಪಾನವನ್ನೇ ಎಸೆಯುವರು, ಅದು ಯಾರ ಕಾಲಿಗೆ ಬಿತ್ತು ಎಂದು ನೋಡುವವರಲ್ಲ. ಆದರೆ ಮಧ್ಯಾಹ್ನ ನನ್ನ ಬುತ್ತಿಯಲ್ಲಿ ಚಟ್ನಿ ಇಲ್ಲದಿದ್ದರೆ ಕೇಳದೆಯೇ ತಮ್ಮದನ್ನು ಹಾಕಿ ಹೋಗುತ್ತಿದ್ದವರೂ ಅವರೇ.

ಪವರ್‌ಲೂಮ್ ಶೆಡ್ಡಿನಲ್ಲಿ ಮಾತು ನಡೆಯುವುದಿಲ್ಲ, ಆ ಗದ್ದಲಕ್ಕೆ ಬಾಯಿ ಸೋಲುತ್ತದೆ. ಎಲ್ಲರೂ ಕೈಸನ್ನೆಯವರೇ. ಎರಡು ಬೆರಳು ತಿರುವಿದರೆ ದಾರ ಹರಿದಿದೆ, ಅಂಗೈ ಅಡ್ಡ ಹಿಡಿದರೆ ಮಗ್ಗ ನಿಲ್ಲಿಸು. ಹೊಸದಾಗಿ ಬಂದಾಗ ನನಗೆ ನಗು ಬರುತ್ತಿತ್ತು. ಆಮೇಲೆ ಮನೆಯಲ್ಲಿ ಗಂಡನ ಜೊತೆಗೂ ಅದೇ ಅಭ್ಯಾಸವಾಗಿ ಅತ್ತೆಯಿಂದ ಬೈಸಿಕೊಂಡೆ.

ಅವತ್ತು ಕಾಕಾ ಹರಿದ ದಾರ ನೋಡಲು ಓಡುತ್ತಿದ್ದ ಮಗ್ಗದ ಮೇಲೆಯೇ ಬಗ್ಗಿದ್ದರು. ಅದರ ಎದುರಿನ ಮಗ್ಗದಿಂದ ಲಾಳಿ ಹಾರಿತು. ಲಾಳಿ ಅತ್ತಿತ್ತ ಓಡುವುದೇ ಕಣ್ಣಿಗೆ ಕಾಣುವುದಿಲ್ಲ, ಹಾರಿದ್ದು ಎಲ್ಲಿ ಕಂಡೀತು. ಕಾಕಾ ಕೂಗಿದ್ದೂ ಕೇಳಿಸಲಿಲ್ಲ. ಅವರ ಬಾಯಿ ತೆರೆದದ್ದು ಮಾತ್ರ ಕಂಡಿತು. ಉಕ್ಕಿನ ಮೊನೆ ಎಡಗಣ್ಣಿನಲ್ಲಿ ನಾಟಿ, ಲಾಳಿ ಮುಖದಿಂದ ಜೋತಾಡುತ್ತಿತ್ತು. ಅದನ್ನು ತಾವೇ ಕಿತ್ತರು. ನೇಯುತ್ತಿದ್ದ ಬಿಳಿ ಕೋರಾ ಬಟ್ಟೆಯ ಮೇಲೆ ರಕ್ತ ಸುರಿಯಿತು. ಮಗ್ಗ ನಿಲ್ಲಿಸಲು ಯಾರಿಗೂ ಹೊಳೆಯಲಿಲ್ಲ, ರಕ್ತದ ಬಟ್ಟೆ ಮೊಳದಷ್ಟು ಮುಂದೆ ಸುತ್ತಿಕೊಂಡು ಹೋಯಿತು. ಕೊಲ್ಲಾಪುರದ ದವಾಖಾನೆಯಿಂದ ಅವರು ಒಂದೇ ಕಣ್ಣಿನವರಾಗಿ ಬಂದರು.

ಲಾಳಿ ಹಾರದಂತೆ ಮಗ್ಗಕ್ಕೆ ಅಡ್ಡ ಒಂದು ಸರಳು ಇರುತ್ತದೆ. ಹರಿದ ದಾರ ಕಟ್ಟುವಾಗ ಅದು ಕೈಗೆ ಅಡ್ಡ ಬರುತ್ತದೆಂದು ನಮ್ಮ ಊರಿನ ಎಷ್ಟೋ ಶೆಡ್ಡುಗಳಲ್ಲಿ ಬಿಚ್ಚಿ ಮೂಲೆಗೆ ಇಡುತ್ತಿದ್ದರು. ಲಾಳಿ ಹಾರಿದ ಮಗ್ಗದ ಸರಳೂ ಮೂಲೆಯಲ್ಲಿತ್ತು. ಬಿಚ್ಚಿದವರು ಯಾರು? ಪಾನ ಹಿಡಿಯುವವನು ನೀನು, ನೀನೇ ಬಿಚ್ಚಿದ್ದು ಎಂದರು ಮಾಲಕರಾದ ಅಣ್ಣ. ಕಾಕಾ ತಾವು ಮುಟ್ಟಿಲ್ಲವೆಂದರು. ಶೆಡ್ಡಿನವರು ಮಾಲಕರ ಮಾತನ್ನೇ ನಂಬಿದರು. ಕಣ್ಣು ಹೋದದ್ದಲ್ಲದೆ ತಪ್ಪೂ ಅವರ ತಲೆಗೇ ಬಂತು. ಅಂದಿನಿಂದ ಅಣ್ಣತಮ್ಮಂದಿರು ಒಬ್ಬರ ಜೊತೆ ಒಬ್ಬರು ಬಾಯಿ ಬಿಡಲಿಲ್ಲ. ಕೆಲಸವೆಲ್ಲ ಕೈಸನ್ನೆಯಲ್ಲಿ ನಡೆಯುತ್ತಿದ್ದುದರಿಂದ ಹೊರಗಿನವರಿಗೆ ಗೊತ್ತೇ ಆಗಲಿಲ್ಲ.

ಎಂಬತ್ತರ ದಶಕದ ಮೊದಲಲ್ಲಿ, ಹಡಗಿನಲ್ಲಿ ದುಡಿಯುತ್ತಿದ್ದ ಕಾಕಾನ ಮೈದುನ ಪರದೇಶದ ಯುದ್ಧದಾಟದ ಪೆಟ್ಟಿಗೆಯೊಂದನ್ನು ತಂದುಕೊಟ್ಟ. ಮಳೆನೀರು ಬಿದ್ದು ರಟ್ಟಿನ ತುಂಡುಗಳೆಲ್ಲ ಉಬ್ಬಿದ್ದವು, ಇಂಗ್ಲಿಷಿನ ನಿಯಮದ ಪುಸ್ತಕ ಮಾತ್ರ ಉಳಿದಿತ್ತು. ಮ್ಯಾಟ್ರಿಕ್ ಓದಿದವಳೆಂದು ಅದು ನನ್ನ ಕೈಗೆ ಬಂತು. ಅರ್ಧ ತಿಳಿಯಿತು, ಉಳಿದರ್ಧ ನಾವೇ ಹೊಂದಿಸಿಕೊಂಡೆವು. ನಟ್ಟುಬೋಲ್ಟು ರಣಗಾಡಿಗಳಾದವು, ಖಾಲಿ ಕಂಡಿಕೆ ಸೈನಿಕರಾದವು, ಕೋರಾ ಬಟ್ಟೆ ರಣಭೂಮಿಯಾಯಿತು. ಹಗುರಾದ ಗಾಳಿದೋಣಿಯ ನಿಯಮ ಓದಿ ಹೇಳಿದಾಗ ಕಾಕಾ ಒಂಟಿಗಣ್ಣು ಕಿರಿದು ಮಾಡಿದರು.

"ಇದಕ ಗಾಲಿ ಇಲ್ಲ, ಮೈಮ್ಯಾಲ ದಪ್ಪ ಪತ್ರಾ ತಗಡೂ ಇಲ್ಲ. ಗಾಳಿ ಮ್ಯಾಲ ಓಡ್ತೈತಿ. ನಿಂತ್ರ ಸತ್ತಂಗ. ಹೌದಲ್ಲ ತಂಗಿ?"

"ಹೌದ್ರಿ ಕಾಕಾ. ಆದ್ರ ವೈರಿ ಠಾಣೆದಾಗ ಹೊಕ್ಕಿತಂದ್ರ ಆಟ ಮುಗೀತು."

ಮರುದಿನವೇ ಅವರು ಅದನ್ನು ಕೆತ್ತಿ ತಂದರು. ಯಾವ ಲಾಳಿಯೆಂದು ಕೇಳಬೇಕಾಗಿರಲಿಲ್ಲ. ಮೊನೆಯ ಬುಡದಲ್ಲಿ ಕಪ್ಪಗೆ ಒಣಗಿದ ಕಲೆ ಇತ್ತು.

ವಾರಕ್ಕೊಮ್ಮೆ ನಮ್ಮಲ್ಲಿ ಲೈಟು ಬಂದ್ ಇರುತ್ತಿತ್ತು. ಊರಿಡೀ ಮಗ್ಗ ನಿಂತು ಕಿವಿ ಗುಂಯ್ ಎನ್ನುವ ದಿನ. ಅಂಥ ಒಂದು ದಿನ ಶೆಡ್ಡಿನಲ್ಲಿ ಬಟ್ಟೆ ಹಾಸಿಕೊಂಡು ಆಡುತ್ತಿದ್ದಾಗ ಮಾಲಕರು ಬಂದು ನಿಂತರು. ಬಹಳ ಹೊತ್ತು ನೋಡಿ, ಎದೆಗೆ ಬೆರಳಿಟ್ಟು ತೋರಿಸಿದರು, ನಾನೂ? ಕಾಕಾ ಅಂಗೈಯಿಂದ ಕರೆದರು, ಬಾ. ಆಟದ ತೀರ್ಪು ಹೇಳುವ ಪಂಚ ನಾನಾದೆ.

ಆ ಆಟದಲ್ಲಿ ನಡೆದ ಕೊಲೆಗಳಿಗೆ ಲೆಕ್ಕವಿಲ್ಲ. ದಾಳ ಬಿದ್ದೊಡನೆ ಕಾಕಾ ಸುತ್ತಿಗೆಯಿಂದ ಅಣ್ಣನ ಕಂಡಿಕೆಗಳನ್ನು ನಿಜವಾಗಿಯೇ ಒಡೆಯುತ್ತಿದ್ದರು. "ಸುಟ್ಟ ಕರಕಲಾದ್ರು" ಎಂದು ನನ್ನ ಕಡೆ ನೋಡಿ ಹೇಳುವರು, "ಕೈ ಒಂದ ಕಡೆ, ಕಾಲ ಒಂದ ಕಡೆ ಬಿದ್ದಾವ ನೋಡ." ಅಣ್ಣನೂ ಕಡಿಮೆಯಲ್ಲ, ಕಾಕಾನ ಸೈನಿಕರ ಮೇಲೆ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದ್ದೂ ಉಂಟು. ನೂಲಿನ ಶೆಡ್ಡಿನಲ್ಲಿ ಬೆಂಕಿ! ನಾನು ನೀರಿನ ಕೊಡ ಪಕ್ಕದಲ್ಲಿಟ್ಟುಕೊಂಡೇ ಕೂರುತ್ತಿದ್ದೆ. ಹೆದರಿಕೆಯಾಗುತ್ತಿತ್ತು, ಮಜವೂ ಬರುತ್ತಿತ್ತು. ಕಾಕಾಗೆ ಬೇಕಾಗಿದ್ದು ಎರಡರಲ್ಲಿ ಒಂದು. ಆ ಲಾಳಿ ಒಮ್ಮೆ ಅಣ್ಣನ ಠಾಣೆಗೆ ನುಗ್ಗಬೇಕು, ಇಲ್ಲವೇ ಅಣ್ಣ ಬಾಯಿ ಬಿಟ್ಟು ಸರಳಿನ ಸತ್ಯ ಹೇಳಬೇಕು. ಎರಡೂ ಆಗಲಿಲ್ಲ. ಪ್ರತಿ ಸಲ ಗಾಳಿದೋಣಿ ಒಂಟಿಯಾಗಿ ನುಗ್ಗುತ್ತಿತ್ತು, ಪ್ರತಿ ಸಲ ದಾರಿಯಲ್ಲೇ ಸಾಯುತ್ತಿತ್ತು. ಮುಂದಿನ ವಾರ ಮತ್ತೆ ಅದೇ.

ಒಂದು ದಿನ ಮಾಲಕರು ಠಾಣೆಯ ಮುಂದಿದ್ದ ರಣಗಾಡಿಗಳನ್ನೆಲ್ಲ ಸುಮ್ಮನೆ ಬದಿಗೆ ಸರಿಸಿದರು. ಹಾಗೆ ಸರಿಸಲು ಆಟದಲ್ಲಿ ಕಾರಣವೇ ಇರಲಿಲ್ಲ. ದಾರಿ ಬಟಾಬಯಲಾಯಿತು. ಬೇಕೆಂದೇ ಸೋಲುತ್ತಿದ್ದಾರೆಂದು ನನಗೆ ತಿಳಿಯಿತು, ಕಾಕಾಗೂ ತಿಳಿಯಿತು. ಅವರು ಗಾಳಿದೋಣಿಯನ್ನು ಮೆಲ್ಲಗೆ ನೂಕಿಕೊಂಡು ಹೋಗಿ ಠಾಣೆಯ ಅಂಚಿನಲ್ಲಿ ನಿಲ್ಲಿಸಿದರು. ಒಳಗೆ ಹೊಗಿಸಲಿಲ್ಲ.

"ಭಿಕ್ಷಾ ಹಾಕ್ತಿ ಏನ?" ಎಂದರು. ವರ್ಷಗಟ್ಟಲೆ ಬಿಟ್ಟ ಮೇಲೆ ಅಣ್ಣನಿಗೆ ಆಡಿದ ಮೊದಲ ಮಾತು ಅದು.

ಅಷ್ಟೇ ಅಂದದ್ದು. ಗಾಳಿದೋಣಿಯನ್ನು ಎತ್ತಿ ಅದರ ಮೊನೆಯಿಂದ ಅಣ್ಣನ ಹುಬ್ಬಿಗೆ ಹೊಡೆದರು. ಮತ್ತೆ ಹೊಡೆದರು. ಹುಬ್ಬು ಸೀಳಿ ಮೂಳೆ ಬೆಳ್ಳಗೆ ಕಂಡಿತು. ಮಾಲಕರು ಕೈ ಎತ್ತಲಿಲ್ಲ, ಮುಖ ತಿರುವಲಿಲ್ಲ. ನಡುವೆ ಬಿದ್ದ ನನ್ನ ಮುಂಗೈಗೂ ಏಟು ಬಿತ್ತು. ನಾನು ಕಾಕಾನ ಕೈಗೆ ಜೋತುಬಿದ್ದ ಮೇಲೆಯೇ ಅವರು ನಿಂತದ್ದು. ರಣಭೂಮಿಯ ಮೇಲೆ ಅಣ್ಣನ ರಕ್ತ ಹನಿಯುತ್ತಿತ್ತು.

"ಝಾಲಂ ಕಾ? ಆತೇನ ನಿಂದು?" ಮಾಲಕರು ಬಾಯಿ ಬಿಟ್ಟರು. "ಸರಳ ನಾನ ಬಿಚ್ಚಿದ್ದೆ. ನೀ ಬರೂಕಿಂತ ಮೊದಲ, ಮುಂಜಾನೆ. ಎಲ್ಲಾರ ಮುಂದ ಹೇಳಾಕ ಧೈರ್ಯ ಆಗಲಿಲ್ಲ."

ಕಾಕಾ ಉಸಿರು ತಿರುಗಿಸಿಕೊಂಡರು. "ಅವತ್ತ ಹೇಳಿದ್ರ ಒಂದ ಕಣ್ಣಷ್ಟ ಹೋಗತಿತ್ತು, ಅಣ್ಣ ಉಳೀತಿದ್ದ," ಎಂದರು.

ಆಮೇಲೆ ಕಾಕಾ ಮನೆ ಬಿಟ್ಟು ನನ್ನ ತವರೂರು ಗಡಹಿಂಗ್ಲಜಕ್ಕೇ ಹೊರಟರು. ಹೋಗುವ ಮುಂಚೆ ನಮ್ಮ ಬಾಗಿಲಿಗೆ ಬಂದು ಗಾಳಿದೋಣಿಯನ್ನು ಕೊಟ್ಟರು. "ನೀ ಪಂಚ ಇದ್ದಿ, ನೀನ ಇಟ್ಗೊ ತಂಗಿ. ಅವ ಕೇಳಿದ್ರ ಕೊಡಬ್ಯಾಡ."

ಮಾಲಕರು ಮೊದಲು ಮಾಡಿದ ಕೆಲಸ, ಶೆಡ್ಡಿನ ಮಗ್ಗಗಳಿಗೆಲ್ಲ ಸರಳು ಹಾಕಿಸಿದ್ದು. ಆಮೇಲೆ ಪ್ರತಿ ಲೈಟು ಬಂದ್ ದಿನ ಬಟ್ಟೆ ಹಾಸಿ, ಎರಡೂ ದಂಡು ಹೂಡಿ, ದಾರಿ ಬಿಟ್ಟು, ಬಾಗಿಲ ಕಡೆ ನೋಡುತ್ತ ಕೂರುತ್ತಿದ್ದರು. ಹಾಗೆ ಕೂತ ಮನುಷ್ಯನನ್ನು ನೋಡಿದಾಗೆಲ್ಲ ಗಾಳಿದೋಣಿಯನ್ನು ತಂದುಕೊಡೋಣವೆನಿಸುತ್ತಿತ್ತು, ಆದರೂ ಕೊಡಲಿಲ್ಲ. ಅವರೂ ಕೇಳಲಿಲ್ಲ. ಕೇಳಿದ್ದು ಕಾಕಾ ತೀರಿಕೊಂಡ ಸುದ್ದಿ ಬಂದ ದಿನ.

"ಒಮ್ಮೆ ಕೊಡವಾ. ತಿರುಗಿ ಕೊಡ್ತೇನಿ."

ಕೊಟ್ಟೆ. ಶೆಡ್ಡಿಗೆ ಅವರ ಹಿಂದೆಯೇ ಹೋದೆ. ಅವರು ಗಾಳಿದೋಣಿಯನ್ನು ತಮ್ಮ ಕೈಯಿಂದಲೇ ಬಯಲಿನುದ್ದಕ್ಕೂ ಓಡಿಸಿ ತಮ್ಮದೇ ಠಾಣೆಯ ಒಳಗಿಟ್ಟರು. ಆಮೇಲೆ ಮೊಣಕೈ ಬೀಸಿ ತಮ್ಮ ದಂಡನ್ನೆಲ್ಲ ಉರುಳಿಸಿದರು. ಉಳಿದದ್ದನ್ನು ಸುತ್ತಿಗೆಯಿಂದ ಜಜ್ಜಿದರು, ಕಾಕಾ ಜಜ್ಜುತ್ತಿದ್ದ ಹಾಗೆಯೇ, ಬೆರಳಿಗೆ ಏಟು ಬಿದ್ದು ಉಗುರು ಕಪ್ಪಾದರೂ ನಿಲ್ಲಿಸದೆ. ಕೊನೆಗೆ ಲಾಳಿಯನ್ನು ಎತ್ತಿ ನನ್ನ ಕೈಗಿಟ್ಟು, "ಗೆದ್ದಾವ್ನ ಪರವಾಗಿ ನಿನ್ನ ಕಡೆ ಇರ್ಲಿ ಇದು" ಎಂದರು.

ಈಗ ಅವರೂ ಇಲ್ಲ. ಊರಿಗೆ ಲಾಳಿಯೇ ಇಲ್ಲದ ಹೊಸ ಮಗ್ಗಗಳು ಬಂದಿವೆ, ಏನೂ ಹಾರುವುದಿಲ್ಲ. ಒಳ್ಳೆಯದೇ ಆಯಿತು. ಆದರೂ ಆ ಇಬ್ಬರೂ ಬೇಕೆನಿಸುತ್ತದೆ ನನಗೆ, ಅವರ ಜಗಳ ಸಮೇತ... ಗಂಟು ಮತ್ತೆ ಕಟ್ಟುವ ಮುಂಚೆ ಗಾಳಿದೋಣಿಯನ್ನು ಚಾಪೆಯ ಮೇಲೆ ಇಟ್ಟು ಒಮ್ಮೆ ಮುಂದೆ ನೂಕಿದೆ. ಎದುರಿಗೆ ಠಾಣೆ ಇರಲಿಲ್ಲ. ಗೋಡೆಯವರೆಗೆ ಹೋಗಿ ಅಲ್ಲೇ ನಿಂತಿತು.